ಹಬ್ಬದ ದಿನವೂ ಹಸುವಿಗೆ ಬಾಯಾರುತ್ತದೆ

ಹಿಮ ಬಿದ್ದ ಫಾರ್ಮ್‌ನಲ್ಲಿ ಕ್ರಿಸ್‌ಮಸ್ ಅಂದರೆ ಎಲ್ಲರ ಕಣ್ಣಿಗೂ ಒಂದೇ ಚಿತ್ರ ಬರುತ್ತದೆ. ಬೆಳ್ಳಗಿನ ಹೊಲ, ಹೊಗೆಯಾಡುವ ಚಿಮಣಿ, ಕಿಟಕಿಯಲ್ಲಿ ದೀಪ. ಆ ಚಿತ್ರ ಸುಳ್ಳಲ್ಲ. ನಾನು ಅದರೊಳಗೇ 40 ಚಳಿಗಾಲ ಕಳೆದಿದ್ದೇನೆ, ಇವತ್ತಿಗೂ ಮೊದಲ ಹಿಮ ಬಿದ್ದ ಬೆಳಿಗ್ಗೆ ಬಾಗಿಲು ತೆಗೆದಾಗ ಮನಸ್ಸು ಹಿಗ್ಗುತ್ತದೆ. ಆದರೆ ಬೆಳಿಗ್ಗೆ 5 ಗಂಟೆಗೆ ಕತ್ತಲಲ್ಲಿ ಬೂಟು ಹುಡುಕುವುದು ಆ ಚಿತ್ರದಲ್ಲಿ ಇರುವುದಿಲ್ಲ, ಅಲ್ವಾ? ಇದೇ ಮೊದಲ ಸಲ ಫಾರ್ಮ್‌ನಲ್ಲಿ ಹಬ್ಬ ಮಾಡುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಬ್ಬದ ಹೊತ್ತನ್ನು ಅಡುಗೆಮನೆ ಗಡಿಯಾರ ನೋಡಿ ಗೊತ್ತು ಮಾಡಬೇಡಿ. ಕೊಟ್ಟಿಗೆ ನೋಡಿ ಗೊತ್ತು ಮಾಡಿ.

ನಾನು ಇದನ್ನು ಕಲಿತದ್ದು ಕಷ್ಟಪಟ್ಟು. ಮದುವೆಯಾಗಿ ಬಂದ ಹೊಸದರಲ್ಲಿ ದೊಡ್ಡ ಊಟವನ್ನು ಸಂಜೆ 5ಕ್ಕೆ ಇಟ್ಟೆ. ದೀಪ ಹಚ್ಚಿದ ಮೇಲೆ ಊಟ ಮಾಡಿದರೆ ಚೆನ್ನಾಗಿರುತ್ತದೆ ಅಂತ ಆಸೆ. 5 ಗಂಟೆ ಅಂದರೆ ಹಾಲು ಕರೆಯುವ ಹೊತ್ತು. ಮನೆಯ ಅರ್ಧ ಜನ ಕೊಟ್ಟಿಗೆಯಲ್ಲಿ, ಉಳಿದರ್ಧ ಮೇಜಿನ ಮುಂದೆ ಕಾಯುತ್ತಾ ಕೂತರು. ಅವರು ಕೈ ತೊಳೆದು ಬರುವಷ್ಟರಲ್ಲಿ ಎಲ್ಲ ತಣ್ಣಗಾಗಿತ್ತು. ನಮ್ಮತ್ತೆ ಒಂದು ಮಾತೂ ಬೈಯಲಿಲ್ಲ, ಮುಂದಿನ ವರ್ಷ ಸುಮ್ನೆ ಬಂದು ಊಟವನ್ನು 12 ಗಂಟೆಗೆ ಇಡಮ್ಮ ಅಂದರು. ಅಷ್ಟೇ. ಅವತ್ತಿನಿಂದ ನಮ್ಮ ಮನೆಯಲ್ಲಿ ಹಬ್ಬದೂಟ ಮಧ್ಯಾಹ್ನಕ್ಕೇ. ಬೆಳಗಿನ ಕೆಲಸ ಮುಗಿದಿರುತ್ತದೆ, ಸಂಜೆಯದಕ್ಕೆ ಇನ್ನೂ ಐದು ಗಂಟೆ ಹೊತ್ತು ಇರುತ್ತದೆ, ಎಲ್ಲರೂ ಒಟ್ಟಿಗೆ ಕೂರಬಹುದು. ಸಂಜೆಗೆ ಸೂಪು, ಬ್ರೆಡ್ಡು, ಕೇಕು ಸಾಕು. ನಂಬಿ, ಯಾರೂ ಕೊರತೆ ಹೇಳುವುದಿಲ್ಲ.

ಮೊದಲು ನೀರಿನ ಮಾತು. ಚಳಿಗಾಲದಲ್ಲಿ ಫಾರ್ಮ್‌ನ ಅರ್ಧ ತೊಂದರೆ ನೀರಿನದೇ. ಹಾಲು ಕೊಡುವ ದೊಡ್ಡ ಹಸು ಚಳಿಯಲ್ಲೂ ದಿನಕ್ಕೆ 60 ಲೀಟರಿಗಿಂತ ಜಾಸ್ತಿ ಕುಡಿಯುತ್ತದೆ. ಹೊರಗೆ ಅಷ್ಟು ಹಿಮ ಇದೆಯಲ್ಲ, ಅದನ್ನೇ ನೆಕ್ಕಿಕೊಳ್ಳುತ್ತದೆ ಅಂದುಕೊಂಡರೆ ಹಾಲು ಇಳಿಯುತ್ತದೆ, ಮೇವೂ ಸೇರುವುದಿಲ್ಲ. ನೀರು ಹೆಪ್ಪುಗಟ್ಟಿದಾಗ ಸುಮಾರು 9% ಹಿಗ್ಗುತ್ತದೆ, ಅದಕ್ಕೇ ಪೈಪು ಸೀಳುವುದು. ಒಂದು ಕ್ರಿಸ್‌ಮಸ್ ಬೆಳಿಗ್ಗೆ ನಮ್ಮ ಕೊಟ್ಟಿಗೆಯ ಪೈಪು ಕಲ್ಲಾಗಿ ಹೋಗಿತ್ತು. ಬಂದ ನೆಂಟರೆಲ್ಲ ಸಾಲಾಗಿ ನಿಂತು ಅಡುಗೆಮನೆಯಿಂದ ಬಕೆಟ್ ಬಕೆಟ್ ನೀರು ದಾಟಿಸಿದರು. ಅದಾದ ಮೇಲೆ ನಾನು ಹಿಂದಿನ ರಾತ್ರಿಯೇ ದೊಡ್ಡ ಪಾತ್ರೆಗಳಲ್ಲೆಲ್ಲ ನೀರು ತುಂಬಿ ಮನೆಯೊಳಗೆ ಇಡುತ್ತೇನೆ. ಚಳಿ ತುಂಬಾ ಇಳಿಯುವ ರಾತ್ರಿ ಹೊರಗೋಡೆಗೆ ತಾಗಿದ ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕುವಂತೆ ಬಿಡುತ್ತೇನೆ, ಸಿಂಕಿನ ಕೆಳಗಿನ ಬಾಗಿಲು ತೆರೆದಿಡುತ್ತೇನೆ, ಒಳಗಿನ ಬೆಚ್ಚನೆ ಗಾಳಿ ಪೈಪಿಗೂ ತಾಗಲಿ ಅಂತ. ಹಾಗಿದ್ದೂ ಕಟ್ಟಿಕೊಂಡರೆ ನಲ್ಲಿಯನ್ನು ತೆರೆದಿಟ್ಟು, ನಲ್ಲಿಯ ಕಡೆಯಿಂದ ಶುರು ಮಾಡಿ ಹಿಂದಕ್ಕೆ ಹೋಗುತ್ತಾ ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಕರಗಿಸಿ. ಬೆಂಕಿ ಹಿಡಿಯಲೇಬೇಡಿ. ಪಕ್ಕದಲ್ಲೇ ಒಣಹುಲ್ಲು ಇರುತ್ತದೆ.

ಮೇವಿನದ್ದು ಇನ್ನೊಂದು ಗುಟ್ಟು. ಹಸುವಿಗೆ ಚಳಿಗೆ ಕಂಬಳಿಗಿಂತ ಹೊಟ್ಟೆ ತುಂಬ ಒಣಹುಲ್ಲು ಮುಖ್ಯ. ನಾರು ಜೀರ್ಣವಾಗುವಾಗ ಮೈಯೊಳಗೇ ಕಾವು ಹುಟ್ಟುತ್ತದೆ. ಹಿಮಗಾಳಿ ಬರುತ್ತದೆ ಅಂತ ಗೊತ್ತಾದರೆ ಸಂಜೆ ಒಂದು ಹೊರೆ ಜಾಸ್ತಿ ಹಾಕಿ. ತುಂಬಿದ ಗಬ್ಬದ ಹಸು ಇದ್ದರಂತೂ ದಿನದ ಮುಖ್ಯ ಮೇವನ್ನು ಕತ್ತಲಾದ ಮೇಲೆ ಕೊಡಿ. ಹಾಗೆ ಮಾಡಿದರೆ ಹಗಲಿನಲ್ಲಿ ಕರು ಹಾಕುವ ಹಸುಗಳೇ ಜಾಸ್ತಿ. ಹಬ್ಬದ ರಾತ್ರಿ ಎಲ್ಲರೂ ಹಾಡುತ್ತಾ ಕೂತಾಗ ಒಬ್ಬರು ಟಾರ್ಚ್ ಹಿಡಿದು ಓಡುವುದು ತಪ್ಪಬಹುದು. ಖಾತರಿ ಇಲ್ಲ, ಹಸು ತನಗೆ ಬೇಕಾದಾಗಲೇ ಕರು ಹಾಕುವುದು, ಆದರೂ ನಾನು ಬಿಡದೆ ಮಾಡುತ್ತೇನೆ.

ಕೋಳಿಗೂಡಿಗೆ ಬರೋಣ. ಹೊಸಬರು ಮಾಡುವ ತಪ್ಪು ಎಂದರೆ ಚಳಿ ಅಂತ ಗೂಡಿನ ಎಲ್ಲ ಸಂದಿಗೂ ಬಟ್ಟೆ ತುರುಕುವುದು. ಕೋಳಿಗೆ ಒಣ ಚಳಿ ತಡೆಯುತ್ತದೆ, ಒದ್ದೆ ಗಾಳಿ ತಡೆಯುವುದಿಲ್ಲ. ಉಸಿರಿನ ಹಸಿ, ಹಿಕ್ಕೆಯ ಹಸಿ ಒಳಗೇ ನಿಂತರೆ ಜುಟ್ಟಿನ ತುದಿ ಚಳಿಗೆ ಕಪ್ಪಾಗಿ ಸಾಯುತ್ತದೆ. ಕೋಳಿ ಕೂರುವ ಮಟ್ಟದಲ್ಲಿ ಗಾಳಿ ಬೀಸಬಾರದು, ಆದರೆ ಮಾಡಿನ ಹತ್ತಿರ ಕಿಂಡಿ ತೆರೆದೇ ಇರಬೇಕು. ಕಾವಿನ ದೀಪ ಬೇಡ. ಒಂದು ಸಲ ಹುಲ್ಲಿನ ಮೇಲೆ ಬಿತ್ತೆಂದರೆ ಗೂಡೇ ಹೋಗುತ್ತದೆ. ಇನ್ನು ಮೊಟ್ಟೆ. ಕೋಳಿಗೆ ಚೆನ್ನಾಗಿ ಇಡಲು ದಿನಕ್ಕೆ 14 ಗಂಟೆಯಾದರೂ ಬೆಳಕು ಬೇಕು, ಡಿಸೆಂಬರ್ 21-22 ವರ್ಷದ ಅತಿ ಗಿಡ್ಡ ಹಗಲು, ಹಾಗಾಗಿ ನಮಗೆ ಮೊಟ್ಟೆ ಜಾಸ್ತಿ ಬೇಕಾದ ಹೊತ್ತಿಗೇ ಅವು ನಿಲ್ಲಿಸಿಬಿಡುತ್ತವೆ. ಅದಕ್ಕೆ ನಾನು ಶರತ್ಕಾಲದಲ್ಲೇ ಹೆಚ್ಚಿನ ಮೊಟ್ಟೆಗಳನ್ನು ಒಡೆದು, ಬಿಳಿ ಹಳದಿ ಸೇರಿಸಿ ಕಲಕಿ, ಡಬ್ಬಿಯಲ್ಲಿ ಫ್ರೀಜರ್‌ಗೆ ಹಾಕುತ್ತೇನೆ. ಡಬ್ಬಿಯ ಮೇಲೆ ಎಷ್ಟು ಮೊಟ್ಟೆ ಅಂತ ಬರೆಯಿರಿ, ಮರೆಯಬೇಡಿ. ಕೇಕಿಗೆ ತಾಜಾ ಮೊಟ್ಟೆಯಷ್ಟೇ ಚೆನ್ನಾಗಿ ಆಗುತ್ತದೆ. ಚಳಿಗೆ ಗೂಡಿನಲ್ಲೇ ಹೆಪ್ಪುಗಟ್ಟಿ ಚಿಪ್ಪು ಸೀಳಿದ ಮೊಟ್ಟೆಯನ್ನು ಮಾತ್ರ ಬಳಸಬೇಡಿ, ಒಂದೆರಡು ಹೋದರೆ ಹೋಗಲಿ.

ಒಣಹಣ್ಣಿನ ಕೇಕನ್ನು ನಾನು ನವೆಂಬರ್ ಕೊನೆಗೇ ಮುಗಿಸುತ್ತೇನೆ. ಅಡ್ವೆಂಟ್ ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ಸುಮಾರು ನಾಲ್ಕು ವಾರ, ಅದರ ಮೊದಲ ಭಾನುವಾರದ ಹೊತ್ತಿಗೆ ಕೇಕು ಬೆಣ್ಣೆ ಕಾಗದದಲ್ಲಿ ಸುತ್ತಿ ಡಬ್ಬಿಯೊಳಗೆ ಕೂತಿರಬೇಕು. ಇಟ್ಟಷ್ಟೂ ರುಚಿ ಕೂಡುವ ಕೇಕು ಅದು, ಕಡೇ ವಾರ ಮಾಡಿದರೆ ಹಣ್ಣು ಬೇರೆ ಹಿಟ್ಟು ಬೇರೆ ಅನ್ನಿಸುತ್ತದೆ. ಬಿಸ್ಕತ್ತಿನ ಹಿಟ್ಟನ್ನು ಉರುಳೆ ಮಾಡಿ ಫ್ರೀಜರ್‌ನಲ್ಲಿಡಿ, ಮಕ್ಕಳು ಬಂದ ದಿನ ಕತ್ತರಿಸಿ ಬೇಯಿಸಿದರೆ ಮನೆಯೆಲ್ಲ ಘಮ. ಟರ್ಕಿಯಂಥ ಇಡೀ ಹಕ್ಕಿ ಮಾಡುವವರು ಲೆಕ್ಕ ತಪ್ಪಬೇಡಿ. ಹೆಪ್ಪುಗಟ್ಟಿದ್ದು ಫ್ರಿಜ್ಜಿನಲ್ಲಿ ಕರಗಲು ಪ್ರತಿ 2 ಕಿಲೋಗೆ ಒಂದು ದಿನ ಬೇಕು, 6 ಕಿಲೋ ಅಂದರೆ ಮೂರು ದಿನ. ಅಡುಗೆಕಟ್ಟೆಯ ಮೇಲೆ ರಾತ್ರಿಯಿಡೀ ಬಿಡಬೇಡಿ, ಹೊರಗೆ ಕರಗಿದ ಭಾಗ ಒಳಗೆ ಕರಗುವ ಮೊದಲೇ ಕೆಡುತ್ತದೆ. ಬೆಂದದ್ದು ನೋಡಲು ಥರ್ಮಾಮೀಟರನ್ನು ತೊಡೆಯ ದಪ್ಪ ಜಾಗಕ್ಕೆ, ಮೂಳೆಗೆ ತಾಗದಂತೆ ಚುಚ್ಚಿ, 74 ಡಿಗ್ರಿ ಬಂದಿರಬೇಕು. ಉಳಿದ ಅಡುಗೆ ನಿಮಗೆ ಗೊತ್ತಿದ್ದದ್ದೇ.

ಮರ ತರುವ ದಿನ ಮಕ್ಕಳಿಗೆ ಹಬ್ಬಕ್ಕಿಂತ ದೊಡ್ಡ ದಿನ. ಹೊಲದಂಚಿನಿಂದ ಕಡಿದು ಹಿಮದ ಮೇಲೆ ಎಳೆದುಕೊಂಡು ಬರುವ ಆ ಸಂಭ್ರಮ ಬೇರೆಯೇ. ಮರವನ್ನು ನೇರ ಬಿಸಿ ಕೋಣೆಗೆ ಒಯ್ಯಬೇಡಿ, ಒಂದು ರಾತ್ರಿ ಶೆಡ್ಡಿನಲ್ಲಿ ನಿಲ್ಲಿಸಿ ಹಿಮ ಕೊಡವಿ. ಒಳಗೆ ತರುವ ಮುಂಚೆ ಬುಡದಿಂದ ಒಂದೆರಡು ಸೆಂಟಿಮೀಟರ್ ಮತ್ತೆ ಕತ್ತರಿಸಿ. ಹಳೇ ಕಡಿತದ ಮೇಲೆ ಅಂಟು ಕಟ್ಟಿಕೊಂಡರೆ ಅದು ನೀರು ಕುಡಿಯುವುದಿಲ್ಲ. ಮೊದಲ ದಿನವೇ 4 ಲೀಟರ್ ಹೀರಿದರೂ ಆಶ್ಚರ್ಯ ಬೇಡ. ಸಕ್ಕರೆ, ಮಾತ್ರೆ ಏನೂ ಬೇಡ, ಬರೀ ನೀರು, ಆದರೆ ದಿನವೂ. ಈ ಕೆಲಸ ನಮ್ಮಲ್ಲಿ ಚಿಕ್ಕ ಮೊಮ್ಮಗಳದು. ಒಲೆಯಿಂದ ಒಂದು ಮೀಟರಿಗಿಂತ ದೂರ ಇರಲಿ. ಎಲ್‌ಇಡಿ ದೀಪ ಬಿಸಿಯಾಗುವುದು ಕಡಿಮೆ, ಅದನ್ನೇ ಹಾಕಿ, ಮಲಗುವಾಗ ಆರಿಸಿ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಅಲಂಕಾರಕ್ಕೆ ತಂದ ಹಸಿರಲ್ಲಿ ಯೂ ಮರದ ಕೊಂಬೆ ಇದ್ದರೆ ಅದನ್ನು ಬಾಗಿಲಿಗೆ ಕಟ್ಟಿದ್ದು ಸಾಕು, ಉಳಿದದ್ದನ್ನು ಕೊಟ್ಟಿಗೆ ಬೇಲಿಯಾಚೆ ಎಸೆಯಬೇಡಿ. ಒಂದೆರಡು ಹಿಡಿಯಷ್ಟೇ ಹಸುವನ್ನೋ ಕುದುರೆಯನ್ನೋ ಕೊಲ್ಲಬಲ್ಲದು, ಒಣಗಿದ ಮೇಲೂ ವಿಷ ಹೋಗುವುದಿಲ್ಲ. ಪಾಂಡರೋಸಾ ಪೈನ್‌ನ ಸೂಜಿ ಎಲೆ ತಿಂದರೆ ಗಬ್ಬದ ಹಸುವಿನ ಗರ್ಭ ಇಳಿದುಹೋಗಬಹುದು. ನಾಯಿಗೆ ಪ್ರೀತಿಯಿಂದ ಕೇಕಿನ ತುಂಡು ಕೊಡುವ ನೆಂಟರು ಇರುತ್ತಾರೆ, ಅವರಿಗೂ ಮೊದಲೇ ಹೇಳಿಡಿ, ಒಣದ್ರಾಕ್ಷಿ, ಚಾಕೊಲೇಟ್ ಎರಡೂ ನಾಯಿಗೆ ವಿಷ.

ಸೌದೆ ಕಡಿದು ಒಂದು ವರ್ಷವಾದರೂ ಗಾಳಿಯಲ್ಲಿ ಒಣಗಿರಬೇಕು. ಎರಡು ತುಂಡು ತಟ್ಟಿ ನೋಡಿ, ಟಣ್ ಅಂದರೆ ಒಣಗಿದೆ, ಮಂಕಾಗಿ ದಪ್ಪ ಅಂದರೆ ಹಸಿ ಇದೆ. ಹಸಿ ಸೌದೆ ಕಾವು ಕೊಡುವುದಿಲ್ಲ, ಚಿಮಣಿಯೊಳಗೆ ಡಾಂಬರಿನಂಥ ಮಸಿ ಕಟ್ಟುತ್ತದೆ, ಒಂದು ದಿನ ಅದಕ್ಕೇ ಬೆಂಕಿ ಹತ್ತುತ್ತದೆ. ಬೂದಿಯನ್ನು ಮುಚ್ಚಳವಿರುವ ಕಬ್ಬಿಣದ ಬಕೆಟ್ಟಿಗೆ ಹಾಕಿ ಮನೆಯಿಂದ ದೂರ ಇಡಿ, ಒಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಕರೆಂಟು ಹೋದರೆ ಜನರೇಟರನ್ನು ಮನೆಯಿಂದ 6 ಮೀಟರಾದರೂ ದೂರ, ಹೊಗೆ ಬರುವ ಕಡೆ ಬಾಗಿಲು ಕಿಟಕಿಗೆ ತಿರುಗದಂತೆ ಇಡಬೇಕು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಕ್ಕೆ ವಾಸನೆಯೇ ಇಲ್ಲ, ಮಲಗಿದವರು ಏಳುವುದಿಲ್ಲ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಒಂದನ್ನು ಮಲಗುವ ಕೋಣೆಯ ಹತ್ತಿರ ಹಾಕಿಸಿ, ಮಕ್ಕಳಿಗೆ ಉಡುಗೊರೆ ತರುವ ಮೊದಲು ಇದನ್ನು ತನ್ನಿ. ಫ್ರಿಜ್ಜಿನ ಬಾಗಿಲು ತೆಗೆಯದಿದ್ದರೆ 4 ಗಂಟೆ ತಡೆಯುತ್ತದೆ, ತುಂಬಿದ ಫ್ರೀಜರ್ 48 ಗಂಟೆ.

ಪಟ್ಟಣದಿಂದ ಬರುವವರು ಬಟ್ಟೆ ವಿಷಯದಲ್ಲಿ ಎಡವುತ್ತಾರೆ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು, ಬೆವರು ಹೀರಿ ಅಲ್ಲೇ ತಣ್ಣಗೆ ಕೂರುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಬಾಗಿಲ ಬಳಿ ಒಂದು ಬುಟ್ಟಿಯಲ್ಲಿ ಮನೆಯ ಹಳೇ ಗ್ಲೌಸು, ಕಾಲುಚೀಲ, ಟೋಪಿ ಎಲ್ಲ ಹಾಕಿಡುತ್ತೇನೆ, ಯಾರು ಬೇಕಾದರೂ ತೊಡಬಹುದು. ಒದ್ದೆ ಬೂಟಿಗೆ ಹಳೇ ಪೇಪರು ತುರುಕಿ, ಒಂದು ಗಂಟೆ ಬಿಟ್ಟು ಬದಲಿಸಿ, ಬೆಳಿಗ್ಗೆಗೆ ಒಣಗಿರುತ್ತದೆ. ಒಲೆಗೆ ತಾಗಿಸಿಟ್ಟರೆ ಚರ್ಮ ಬಿರಿಯುತ್ತದೆ. ಮಗುವಿನ ಬೆರಳ ತುದಿ ಬಿಳಿಚಿ ಮರಗಟ್ಟಿದರೆ ಉಜ್ಜಬೇಡಿ, ಹಿಮದಿಂದಂತೂ ಬೇಡವೇ ಬೇಡ. ಒಳಗೆ ಕರೆತಂದು ಉಗುರುಬೆಚ್ಚಗಿನ ನೀರಲ್ಲಿ ಅದ್ದಿಸಿ, ಬಣ್ಣ ತಿರುಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಹಿಮ ಬಾಚಲು ವಯಸ್ಸಾದವರು ಎದ್ದಕೂಡಲೇ ಹೋಗುವುದು, ಹೊಟ್ಟೆತುಂಬ ಉಂಡು ಹೋಗುವುದು ಎರಡೂ ಬೇಡ. ಸಲಿಕೆಯಲ್ಲಿ ಎತ್ತಿ ಎಸೆಯುವುದಕ್ಕಿಂತ ತಳ್ಳಿಕೊಂಡು ಹೋದರೆ ಎದೆಗೆ, ಸೊಂಟಕ್ಕೆ ಭಾರ ಕಡಿಮೆ.

ಮನೆಯಿಂದ ಕೊಟ್ಟಿಗೆಗೆ ಸೊಂಟದ ಎತ್ತರಕ್ಕೆ ಒಂದು ಹಗ್ಗ ಕಟ್ಟಿಸಿದ್ದೇನೆ. ಗಾಳಿಯೊಂದಿಗೆ ಹಿಮ ಸುರಿಯುವಾಗ ಚಾಚಿದ ಕೈ ಕಾಣುವುದಿಲ್ಲ, 30 ಹೆಜ್ಜೆ ದೂರದ ಬಾಗಿಲೂ ತಪ್ಪುತ್ತದೆ. ಹಗ್ಗ ಹಿಡಿದು ಹೋಗು, ಹಗ್ಗ ಹಿಡಿದು ಬಾ, ನಮ್ಮ ಮನೆಯ ಮಕ್ಕಳು ಓದು ಕಲಿಯುವ ಮೊದಲು ಕಲಿಯುವುದು ಇದನ್ನೇ.

ಕ್ರಿಸ್‌ಮಸ್ ಹಿಂದಿನ ರಾತ್ರಿ, ಹಾಡು ಪ್ರಾರ್ಥನೆ ಮುಗಿದ ಮೇಲೆ, ನಾನು ಮೊಮ್ಮಗಳ ಕೈಗೆ ಲಾಟೀನು ಕೊಟ್ಟು ಕೊಟ್ಟಿಗೆಗೆ ಒಂದು ಸುತ್ತು ಕರೆದೊಯ್ಯುತ್ತೇನೆ. ಹೋದ ವರ್ಷವೂ ಹೋಗಿದ್ದೆವು. ಬಾಗಿಲು ತೆಗೆದ ಕೂಡಲೇ ಬೆಚ್ಚನೆ ಉಸಿರು, ಹುಲ್ಲಿನ ವಾಸನೆ. ಹಸುಗಳು ಮಲಗಿ ಮೆಲುಕು ಹಾಕುತ್ತಿದ್ದವು, ಆ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಕೆಟ್ಟಿನ ಮೇಲೆ ಕಾಗದದಷ್ಟು ತೆಳು ಮಂಜುಗಡ್ಡೆ ಕಟ್ಟಿತ್ತು. ಅವಳು ಗ್ಲೌಸು ಬಿಚ್ಚಿ ಬೆರಳಲ್ಲಿ ಅದನ್ನು ಒತ್ತಿ ಮುರಿದಳು, ಒಂದು ತುಂಡನ್ನು ಲಾಟೀನಿಗೆ ಹಿಡಿದು ನೋಡಿದಳು. ಯೇಸು ಮಲಗಿದ ಗೋದಲಿಯೂ ಇಷ್ಟೇ ಬೆಚ್ಚಗಿತ್ತಾ ಅಜ್ಜಿ ಅಂತ ಕೇಳಿದಳು. ಇದ್ದಿರಬೇಕು ಮಗಾ, ಹಸು ಇದ್ದರೆ ಬೆಚ್ಚಗೇ ಇರುತ್ತದೆ ಅಂದೆ. ಉಡುಗೊರೆ ಎಷ್ಟು ಕೊಟ್ಟರೂ ಮಕ್ಕಳು ಮರೆಯುತ್ತಾರೆ, ಈ ಹತ್ತು ನಿಮಿಷವನ್ನು ನನ್ನ ಮಗ ಇನ್ನೂ ನೆನೆಯುತ್ತಾನೆ. ನಿಮ್ಮ ಮಕ್ಕಳನ್ನೂ ಕರೆದೊಯ್ಯಿರಿ. ಲಾಟೀನು ಬ್ಯಾಟರಿಯದಾಗಿರಲಿ, ಕೊಟ್ಟಿಗೆಯೊಳಗೆ ಬೆಂಕಿಯ ದೀಪ ಬೇಡ.

ಹಬ್ಬ ಮುಗಿದು ಜನವರಿ ಬಂದಾಗ ಮರವನ್ನು ಬೀಸಾಡಬೇಡಿ. ತಂತಿ, ಹೊಳಪಿನ ಎಳೆ ಒಂದೂ ಉಳಿಯದಂತೆ ಬಿಚ್ಚಿ, ಔಷಧಿ ಹೊಡೆಯದ ಫರ್ ಅಥವಾ ಸ್ಪ್ರೂಸ್ ಮರವಾದರೆ ಆಡುಗಳಿಗೆ ಹಾಕಿ. ಒಂದೇ ದಿನಕ್ಕೆ ಇಡೀ ಮರ ಬೇಡ, ಗಬ್ಬದ ಆಡಿಗಂತೂ ಹಾಕಲೇಬೇಡಿ. ಉಳಿದವುಗಳಿಗೆ ದಿನಕ್ಕೆ ಒಂದೆರಡು ಕೊಂಬೆ ಸಾಕು, ಎಲೆ ತಿಂದು ಸಿಪ್ಪೆಯನ್ನೂ ಸುಲಿದು ಬಿಡುತ್ತವೆ. ಉಳಿದ ಬೋಳು ಕಾಂಡವನ್ನು ನನ್ನ ಮಗ ಎರಡು ತುಂಡು ಮಾಡಿ ಸೌದೆ ಶೆಡ್ಡಿನ ಮೂಲೆಯಲ್ಲಿ ನಿಲ್ಲಿಸುತ್ತಾನೆ. ಅದು ಒಣಗುವಷ್ಟರಲ್ಲಿ ಮುಂದಿನ ಡಿಸೆಂಬರ್ ಬಂದಿರುತ್ತದೆ.