ಫೈಲ್ ಇನ್ನೂ ಬದಲಾಗಿಲ್ಲ: ಏಜೆಂಟ್‌ಗೆ ಡಾಕ್ಯುಮೆಂಟ್ ಬರೆದ ನನ್ನ ಅನುಭವ

ಕಳೆದ ವರ್ಷ ನಮ್ಮ ತಂಡದಲ್ಲಿ ಒಂದು ಸಣ್ಣ ಟೂಲ್ ಮಾಡಿಕೊಂಡೆವು. ಎಐ ಏಜೆಂಟ್ (ಹೇಳಿದ ಕೆಲಸವನ್ನು ಟೂಲ್‌ಗಳನ್ನು ಕರೆದು ತಾನೇ ಮಾಡುವ ಎಐ ಪ್ರೋಗ್ರಾಂ) ಕೋಡ್ ತಿದ್ದುವ ಮೊದಲು, ತಿದ್ದಿದರೆ ಏನೇನು ಬದಲಾಗುತ್ತದೆ ಅಂತ ಡಿಫ್ ಆಗಿ, ಅಂದರೆ ಹಳೇ ಸಾಲು ಹೊಸ ಸಾಲುಗಳ ವ್ಯತ್ಯಾಸವಾಗಿ, ತೋರಿಸುವುದು ಅದರ ಕೆಲಸ. ಮೂಲ ಫೈಲನ್ನು ಅದು ಮುಟ್ಟುವುದಿಲ್ಲ. ಪಕ್ಕದಲ್ಲಿ ಒಂದು ನಕಲು ಮಾಡಿಕೊಂಡು, ಅದರಲ್ಲಿ ತಿದ್ದಿ, ಎರಡನ್ನೂ ಹೋಲಿಸಿ ತೋರಿಸುತ್ತದೆ. ನಾವು ನೋಡಿ ಸರಿ ಅಂದ ಮೇಲೆ ಇನ್ನೊಂದು ಟೂಲ್ ಆ ತಿದ್ದುಪಡಿಯನ್ನು ನಿಜವಾದ ಫೈಲಿಗೆ ಹಾಕುತ್ತದೆ. ಕೋಡ್ ಬರೆದದ್ದು ಬೇರೆಯವರು, ಟೂಲ್ ಹೇಗೆ ಬಳಸಬೇಕು ಅಂತ ಏಜೆಂಟ್ ಓದುವ ಡಾಕ್ಯುಮೆಂಟ್ ನನ್ನ ಪಾಲಿಗೆ ಬಂತು.

ಮೊದಲ ಸಲ ಮನುಷ್ಯರಿಗೆ ಬರೆಯುವ ಹಾಗೇ ಬರೆದೆ. ಡಿಫ್ ಅಂದರೇನು, 1974ರಲ್ಲಿ ಯೂನಿಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಜೊತೆ ಅದು ಹೇಗೆ ಬಂತು, ಹೊಸದಾಗಿ ಸೇರುವ ಪ್ಲಸ್ ಸಾಲು ಯಾವುದು, ತೆಗೆದುಹಾಕುವ ಮೈನಸ್ ಸಾಲು ಯಾವುದು ಅಂತ ಎರಡು ಪುಟ. ಇದೆಲ್ಲ ಏಜೆಂಟ್ ಒಳಗಿನ ಎಐ ಮಾಡೆಲ್‌ಗೆ ಮೊದಲೇ ಗೊತ್ತು. ಅದಕ್ಕೆ ಗೊತ್ತಿಲ್ಲದ್ದು ನಮ್ಮ ಟೂಲ್ ಮಾತ್ರ, ಅದರ ಬಗ್ಗೆ ನಾನು ಬರೆದಿದ್ದದ್ದು ಒಂದೇ ಸಾಲು: ‘ಈ ಟೂಲ್ ಬದಲಾವಣೆಗಳನ್ನು ತೋರಿಸುತ್ತದೆ.’

ಆ ಒಂದು ಸಾಲೇ ತೊಂದರೆ ತಂದಿತು. ಒಂದು ಬಗ್, ಅಂದರೆ ಕೋಡಿನ ತಪ್ಪು, ಸರಿಪಡಿಸಲು ಹೇಳಿದ್ದಾಗ ಏಜೆಂಟ್ ನಮ್ಮ ಈ ಪ್ರಿವ್ಯೂ ಟೂಲನ್ನು ಕರೆದು ಡಿಫ್ ನೋಡಿತು. ಪ್ಲಸ್ ಸಾಲುಗಳು ಕಂಡವು, ಕೆಲಸ ಆಯಿತು ಅಂದುಕೊಂಡು, ಕೋಡ್ ಸರಿಯಿದೆಯಾ ಅಂತ ನೋಡುವ ಟೆಸ್ಟ್ ಓಡಿಸಿತು. ಟೆಸ್ಟ್ ಓಡಿದ್ದು ಹಳೇ ಕೋಡ್ ಮೇಲೆ. ಆ ಬಗ್‌ಗೆ ನಮ್ಮಲ್ಲಿ ಟೆಸ್ಟ್ ಇರಲಿಲ್ಲ, ಹಾಗಾಗಿ ಎಲ್ಲ ಪಾಸಾಯಿತು. ‘ಸರಿಪಡಿಸಿದ್ದೇನೆ’ ಅಂತ ಏಜೆಂಟ್ ಹೇಳಿತು. ನಮ್ಮ ಜೊತೆಗಿದ್ದ ಒಬ್ಬ ಹುಡುಗ ಅದನ್ನು ನಂಬಿ ಗ್ರಾಹಕರಿಗೂ ಹೇಳಿಬಿಟ್ಟ. ಮಾರನೇ ದಿನ ನೋಡಿದರೆ ಫೈಲಿನಲ್ಲಿ ಒಂದಕ್ಷರವೂ ಬದಲಾಗಿಲ್ಲ.

ಸಂಜೆ ಕೂತು ಲಾಗ್, ಅಂದರೆ ಏಜೆಂಟ್ ಏನೇನು ಮಾಡಿತು ಅನ್ನುವ ದಾಖಲೆ, ಪೂರ್ತಿ ಓದಿದೆ. ಬದಲಾವಣೆ ಅಂದರೆ ಆಗಿಹೋದ ಬದಲಾವಣೆಯೋ, ಆಗಬೇಕಾದ ಬದಲಾವಣೆಯೋ? ನಾನು ಹೇಳಿರಲಿಲ್ಲ. ಮನುಷ್ಯರಾದರೆ ಪಕ್ಕದ ಸೀಟಿನವರನ್ನು ಕೇಳುತ್ತಾರೆ, ಅಲ್ವಾ? ಏಜೆಂಟ್ ಕೇಳುವುದಿಲ್ಲ, ಒಂದು ಅರ್ಥ ಹಿಡಿದುಕೊಂಡು ಮುಂದೆ ಹೋಗುತ್ತದೆ.

ನಾವು ಟೂಲನ್ನು ಜೋಡಿಸಿದ್ದು ಎಂಸಿಪಿ ಮೂಲಕ. 2024ರ ನವೆಂಬರ್‌ನಲ್ಲಿ ಎಐ ಕಂಪನಿ ಆಂಥ್ರಾಪಿಕ್ ಹೊರತಂದ, ಎಐಗೆ ಹೊರಗಿನ ಟೂಲ್‌ಗಳನ್ನು ಜೋಡಿಸುವ ಪ್ರೋಟೋಕಾಲ್ (ನಿಯಮಗಳ ಕಟ್ಟು) ಅದು. ಟೂಲ್ ಏನನ್ನೂ ಬದಲಿಸುವುದಿಲ್ಲ ಅಂತ ಸೂಚಿಸಲು ಅದರಲ್ಲಿ ‘ರೀಡ್ ಓನ್ಲಿ ಹಿಂಟ್’ ಅಂತ ಒಂದು ಗುರುತು ಇದೆ. ಅದನ್ನು ಹಾಕಿದ್ದೇವಲ್ಲ, ಸಾಕು ಅಂದುಕೊಂಡಿದ್ದೆ. ಆದರೆ ಆ ಗುರುತು ಮುಖ್ಯವಾಗಿ ಏಜೆಂಟನ್ನು ನಡೆಸುವ ಪ್ರೋಗ್ರಾಂಗೆ, ಬಳಸುವವರ ಒಪ್ಪಿಗೆ ಕೇಳಬೇಕೋ ಬೇಡವೋ ಅಂತ ತೀರ್ಮಾನಿಸಲು. ಮಾಡೆಲ್ ಅದನ್ನು ನೋಡಿಯೇ ನೋಡುತ್ತದೆ ಅಂತ ನಂಬುವ ಹಾಗಿಲ್ಲ.

ಆಮೇಲೆ ವಿವರಣೆಯ ಮೊದಲ ಸಾಲನ್ನೇ ಬದಲಿಸಿದೆ: ‘ಇದನ್ನು ಕರೆದರೆ ಫೈಲ್ ಬದಲಾಗುವುದಿಲ್ಲ. ಬದಲಿಸಲು ಅಪ್ಲೈ ಟೂಲ್ ಕರೆಯಬೇಕು.’ ಅಷ್ಟಕ್ಕೇ ಬಿಡಲಿಲ್ಲ. ವಿವರಣೆ ಇರುವುದು ಮಾತುಕತೆಯ ಶುರುವಿನಲ್ಲಿ, ನಲವತ್ತು ಐವತ್ತು ಹೆಜ್ಜೆ ಆದ ಮೇಲೆ ಅದು ಎಲ್ಲೋ ಹಿಂದೆ ಉಳಿದಿರುತ್ತದೆ, ಟೂಲ್ ಕೊಡುವ ಉತ್ತರ ಮಾತ್ರ ಕಣ್ಣೆದುರೇ ಇರುತ್ತದೆ. ಅದಕ್ಕೇ ಉತ್ತರದ ಮೊದಲ ಸಾಲಿನಲ್ಲೂ ‘ಫೈಲ್ ಇನ್ನೂ ಬದಲಾಗಿಲ್ಲ’ ಅಂತ ಬರುವ ಹಾಗೆ ಮಾಡಿಸಿದೆ. ಡಾಕ್ಯುಮೆಂಟ್ ಅಂದರೆ ಪ್ರತ್ಯೇಕ ಪುಟ ಅನ್ನುವ ನನ್ನ ಅಭ್ಯಾಸ ಆವತ್ತೇ ಬಿಟ್ಟುಹೋಯಿತು.

ಎರಡನೇ ತೊಂದರೆ ಎಕ್ಸಿಟ್ ಕೋಡ್‌ನದು, ಅಂದರೆ ಕಮಾಂಡ್ ಮುಗಿದಾಗ ಕೊಡುವ ಅಂಕಿಯದು; ಸಾಮಾನ್ಯವಾಗಿ ಅದು 0 ಅಲ್ಲದಿದ್ದರೆ ಏನೋ ಕೆಟ್ಟಿದೆ ಅಂತ ಅರ್ಥ. ಟೂಲ್ ಒಳಗೆ ಎರಡು ಫೋಲ್ಡರ್ ಹೋಲಿಸಲು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನುವ ಪ್ರೋಗ್ರಾಂನ ಡಿಫ್ ಕಮಾಂಡನ್ನು ನೋ-ಇಂಡೆಕ್ಸ್ ಆಯ್ಕೆಯೊಂದಿಗೆ ಬಳಸಿದ್ದೆವು. ವ್ಯತ್ಯಾಸ ಇಲ್ಲದಿದ್ದರೆ ಅದು 0 ಕೊಡುತ್ತದೆ, ಇದ್ದರೆ 1. ಪ್ರಿವ್ಯೂದಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ! ಆದರೆ 1 ಕಂಡ ತಕ್ಷಣ ಏಜೆಂಟ್ ಕಮಾಂಡ್ ಕೆಟ್ಟಿತು ಅಂದುಕೊಂಡು ಮತ್ತೆ ಮತ್ತೆ ಕರೆಯುತ್ತಿತ್ತು. ಒಂದು ಸಲ ಒಂಬತ್ತು ಸಾರಿ. ಅರ್ಥ ವಿವರಿಸಿ ನಾಲ್ಕು ಸಾಲು ಬರೆದೆ, ಆಮೇಲೆ ಅಳಿಸಿದೆ. ಬರೆದು ವಿವರಿಸುವುದಕ್ಕಿಂತ ಟೂಲನ್ನೇ ತಿದ್ದುವುದು ಸರಿ ಅನಿಸಿತು. ಈಗ ಅದು 0, 1 ತೋರಿಸುವುದಿಲ್ಲ, ‘3 ಫೈಲ್‌ಗಳಲ್ಲಿ ವ್ಯತ್ಯಾಸ ಇದೆ’ ಅಂತ ಮಾತಿನಲ್ಲಿ ಹೇಳುತ್ತದೆ.

ನನಗೆ ತುಂಬ ಹತ್ತಿರದ್ದು ಮೂರನೆಯದು. ನಮ್ಮ ಪ್ರಾಜೆಕ್ಟಿನಲ್ಲಿ ಕನ್ನಡ ಹೆಸರಿನ ಕೆಲವು ಫೈಲ್‌ಗಳಿವೆ. ಗಿಟ್ ಅಂಥ ಹೆಸರನ್ನು ಸುಮ್ನೆ ಬಿಟ್ಟರೆ ಅಂಕಿಗಳಲ್ಲಿ ತೋರಿಸುತ್ತದೆ. ‘ಕ’ ಅನ್ನುವ ಒಂದಕ್ಷರ \340\262\225 ಆಗುತ್ತದೆ, ಯಾಕೆಂದರೆ ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಅಂಕಿಗಳಾಗಿ ಇಡುವ ಯುಟಿಎಫ್-8 ಕ್ರಮದಲ್ಲಿ ಅದಕ್ಕೆ ಮೂರು ಬೈಟ್. ಏಜೆಂಟ್ ಆ ಅಂಕಿಗಳನ್ನೇ ಹೆಸರು ಅಂದುಕೊಂಡು ಹೊಸ ಫೈಲ್ ಮಾಡಲು ಹೊರಟಿತ್ತು. ಕೋಟ್ ಪಾತ್ ಅನ್ನುವ ಸೆಟ್ಟಿಂಗ್ ಆಫ್ ಮಾಡಿದರೆ ಹೆಸರು ಕನ್ನಡದಲ್ಲೇ ಬರುತ್ತದೆ.

ಇನ್ನೊಂದು ಕಡೆ ಮೈನಸ್ ಸಾಲು, ಪ್ಲಸ್ ಸಾಲು ಎರಡೂ ಅಕ್ಷರಶಃ ಒಂದೇ ಥರ ಕಂಡವು. ಇಡೀ ಮಧ್ಯಾಹ್ನ ನೋಡಿದೆ. ಕೊನೆಗೆ ಸಿಕ್ಕಿತು: ‘ಸಾಫ್ಟ್‌ವೇರ್’ ಅನ್ನುವಲ್ಲಿ ಒತ್ತಕ್ಷರ ಕೂಡದಂತೆ ನಾವು ಹಾಕುವ ಕಣ್ಣಿಗೆ ಕಾಣದ ಅಕ್ಷರ, ಜೀರೋ ವಿಡ್ತ್ ನಾನ್ ಜಾಯ್ನರ್, ಏಜೆಂಟ್ ಬರೆದ ಸಾಲಿನಲ್ಲಿ ಎರಡು ಸಲ ಬಂದಿತ್ತು. ಈಗ ಅಂಥ ಜಾಗದಲ್ಲಿ ಟೂಲ್ ಒಂದು ಎಚ್ಚರಿಕೆ ಸಾಲು ಸೇರಿಸುತ್ತದೆ, ಎಷ್ಟನೇ ಅಕ್ಷರ ಅಂತಲೂ ಹೇಳುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರು ಇದನ್ನು ದಯವಿಟ್ಟು ನಿಮ್ಮ ಟೂಲ್‌ನಲ್ಲೂ ಪರೀಕ್ಷಿಸಿ. ಬೇರೆ ಯಾರೂ ನಮಗಾಗಿ ಮಾಡಿಕೊಡುವುದಿಲ್ಲ.

ನಾನು ಈಗ ಬರೆಯುವ ರೀತಿ ಹೀಗೆ: ಹೊಸ ಸೆಷನ್ ತೆರೆದು, ವಿವರಣೆ ಮಾತ್ರ ಕೊಟ್ಟು, ಒಂದು ನಿಜವಾದ ಬಗ್ ಸರಿಮಾಡಲು ಹೇಳುತ್ತೇನೆ. ಎಲ್ಲಿ ಎಡವುತ್ತದೋ ಅಲ್ಲಿಗೆ ಒಂದು ವಾಕ್ಯ ಸೇರಿಸುತ್ತೇನೆ, ಸೇರಿಸಿದ್ದು ಉಪಯೋಗಕ್ಕೆ ಬರದಿದ್ದರೆ ತೆಗೆಯುತ್ತೇನೆ. ವಿವರಣೆ ಜಾಸ್ತಿ ಆದಷ್ಟೂ ಪ್ರತಿ ಸೆಷನ್‌ನಲ್ಲಿ ಅಷ್ಟು ಟೋಕನ್ (ಮಾಡೆಲ್ ಓದುವ ಪಠ್ಯದ ತುಣುಕು) ಖರ್ಚು. ಮೊದಲು ಎರಡು ಪುಟ ಇದ್ದದ್ದು ಈಗ ಹನ್ನೊಂದು ಸಾಲು.

ಈ ವಾರ ಕೂತಿರುವುದು ದೊಡ್ಡ ಡಿಫ್ ಮೇಲೆ. 400 ಸಾಲು ದಾಟಿದರೆ ನಮ್ಮ ಟೂಲ್ ಕತ್ತರಿಸುತ್ತದೆ, ಉಳಿದದ್ದು ಬದಲಾಗಿಲ್ಲ ಅಂತ ಏಜೆಂಟ್ ತಿಳಿಯುತ್ತಿದೆ. ‘ಇನ್ನೂ ಇಷ್ಟು ಸಾಲು ಇದೆ, ಇಲ್ಲಿ ತೋರಿಸಿಲ್ಲ, ನೋಡಲು ಹೀಗೆ ಕರೆಯಿರಿ’ ಅಂತ ಕೊನೆಯಲ್ಲಿ ಹಾಕಿದ್ದೇನೆ. ನಿನ್ನೆ ಐದರಲ್ಲಿ ನಾಲ್ಕು ಸಲ ಅದು ಮುಂದಿನ ಭಾಗ ಕೇಳಿ ತರಿಸಿಕೊಂಡಿತು. ಬಿಟ್ಟ ಆ ಒಂದು ಸಲದ ಲಾಗ್ ಇನ್ನೂ ಓದಬೇಕು.