ಹಳೆ ಬಾಗಲಕೋಟೆಯ ಒಂದು ಓಣಿಯನ್ನು ದಾಖಲಿಸಿದ ಬಗೆ

ಆಲಮಟ್ಟಿ ಅಣೆಕಟ್ಟೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟರು. ಘಟಪ್ರಭೆಯ ದಂಡೆಯ ಬಾಗಲಕೋಟೆಯಲ್ಲಿ ಅಂದಿನಿಂದ ಮನೆಯ ಮೇಲೆ ಮಾಳಿಗೆ ಏರಿಸುವವರು ಕಡಿಮೆಯಾದರೆಂದು ನಾನು ಮಾತನಾಡಿಸಿದ ಹಿರಿಯರಲ್ಲಿ ಹಲವರು ಹೇಳಿದ್ದಾರೆ. ಮುಂದೆ ಹಿನ್ನೀರು ಬಂತು, ಊರಿನ ತಗ್ಗಿನ ಭಾಗಗಳು ಸ್ವಾಧೀನಗೊಂಡವು, ಜನ ಪುನರ್ವಸತಿಗೆಂದು ಕಟ್ಟಿದ ನವನಗರಕ್ಕೆ ನಡೆದರು. ಕೃಷ್ಣಾ ಜಲವಿವಾದಗಳ ಎರಡನೇ ನ್ಯಾಯಮಂಡಳಿಯು ಜಲಾಶಯದ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಒಪ್ಪಿಗೆ ನೀಡಿದ ಮೇಲೆ, ಉಳಿದಿದ್ದ ಓಣಿಗಳಲ್ಲಿಯೂ ‘ನಮ್ಮ ಮನಿ ಎಷ್ಟನೇ ಮೀಟರಿನ್ಯಾಗ ಬರತೈತಿ’ ಎಂಬ ಮಾತು ಕುಶಲ ಪ್ರಶ್ನೆಯಷ್ಟೇ ಸಾಮಾನ್ಯವಾಯಿತು. ಮನೆಗಳ ನಕ್ಷೆ ಬರೆಯುವುದು ನನ್ನ ವೃತ್ತಿ. ನವನಗರದ ಹೊಸ ಮನೆಗಳಿಗೆ ನಕ್ಷೆ ಬರೆದುಕೊಡುತ್ತಿದ್ದಾಗ, ಬಿಟ್ಟುಬಂದ ಮನೆಯ ವರ್ಣನೆಯನ್ನು ಮಾಡದ ಯಜಮಾನರೇ ನನಗೆ ಸಿಗಲಿಲ್ಲ. ಆ ವರ್ಣನೆಗಳು ಎಲ್ಲಿಯೂ ಬರವಣಿಗೆಗೆ ಇಳಿಯುತ್ತಿಲ್ಲ ಎಂಬ ಸಂಕಟದಿಂದ ಕಿಲ್ಲಾ ಭಾಗದ ಒಂದು ಓಣಿಯನ್ನು ಆರಿಸಿಕೊಂಡು ಈ ಕೆಲಸಕ್ಕೆ ತೊಡಗಿದೆ.

ಇಡೀ ಊರನ್ನು ಬಿಟ್ಟು ಒಂದೇ ಓಣಿಯನ್ನು ಆರಿಸಿದ್ದಕ್ಕೆ ಕಾರಣವಿದೆ. ಊರಿನ ದೊಡ್ಡ ಇತಿಹಾಸ ಹೇಗಾದರೂ ಸಿಗುತ್ತದೆ: ಪೇಶ್ವೆಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇದ್ದದ್ದು, 1818ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಮನ್ರೋ ಊರನ್ನು ಹಿಡಿದದ್ದು, 1880ರ ದಶಕದಲ್ಲಿ ಗದಗ–ಹೊಟಗಿ ಮೀಟರ್‌ಗೇಜ್ ರೈಲುಹಾದಿ ಬಂದದ್ದು, 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಜಿಲ್ಲೆಯಾದದ್ದು ಇವೆಲ್ಲ ಬರವಣಿಗೆಯಲ್ಲಿವೆ. ಯಾರ ಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾವ ಮನೆಯ ಹಿತ್ತಲಬಾಗಿಲು ಯಾವ ಮನೆಯ ಅಂಗಳಕ್ಕೆ ತೆರೆಯುತ್ತಿತ್ತು ಎಂಬುದು ಮಾತ್ರ ಅಲ್ಲಿ ಬಾಳಿದವರ ಬಾಯಲ್ಲಿದೆ, ಆ ಬಾಯಿಗಳು ಈಗ ನವನಗರದ ಬೇರೆ ಬೇರೆ ಸೆಕ್ಟರುಗಳಿಗೆ ಹಂಚಿಹೋಗಿವೆ.

ಮೊದಲು ಕೈಗೆ ಎತ್ತಿಕೊಂಡದ್ದು ಜನ ಬಿಟ್ಟುಹೋದ ಮನೆಗಳನ್ನು. ನಮ್ಮ ಭಾಗದ ಹಳೆಯ ಮನೆಗಳದು ಮೇಲ್ಮುದ್ದೆಯ ಮಾಳಿಗೆ. ತೊಲೆಯ ಮೇಲೆ ಜಂತಿ, ಜಂತಿಗಳ ಮೇಲೆ ಒತ್ತಾಗಿ ಹಾಸಿದ ಕಟ್ಟಿಗೆಯ ತುಂಡುಗಳು, ಅದರ ಮೇಲೆ ದಪ್ಪನಾದ ಮಣ್ಣು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮನೆಯವರು ಮಾಳಿಗೆ ಹತ್ತಿ ಹೊಸ ಮಣ್ಣು ಹರಡಿ, ಹುಲ್ಲು ಕಿತ್ತು, ನೀರು ಹರಿಯುವ ಕೊಳವಿಯ ಬಾಯಿ ಬಿಡಿಸಬೇಕು. ಮನೆಯಲ್ಲಿ ಜನ ಇಲ್ಲದಿದ್ದರೆ ಆ ಕೆಲಸ ನಿಲ್ಲುತ್ತದೆ, ಮಣ್ಣು ನೀರು ಕುಡಿದು ಭಾರವಾಗುತ್ತದೆ, ಜಂತಿ ಕೊಳೆಯುತ್ತದೆ, ಕೆಲವೇ ಮಳೆಗಾಲಗಳಲ್ಲಿ ಮಾಳಿಗೆ ಒಳಗೆ ಬೀಳುತ್ತದೆ. ಜನ ಇರುವ ಮನೆ ಇನ್ನೊಂದು ವರ್ಷ ಕಾಯಬಲ್ಲದು, ಖಾಲಿ ಮನೆ ಕಾಯಲಾರದು. ಆದ್ದರಿಂದ ಅಳತೆಯ ಸರದಿಯನ್ನು ಮಳೆಯೇ ನಿರ್ಧರಿಸಿತು.

ಅಳೆಯುವಾಗ ಅಡಿ-ಅಂಗುಲದ ಜೊತೆಗೆ ಅಂಕಣದ ಲೆಕ್ಕವನ್ನೂ ಬರೆದುಕೊಂಡೆ. ಎರಡು ಸಾಲು ಕಂಬಗಳ ನಡುವಿನ ಜಾಗಕ್ಕೆ ಅಂಕಣವೆನ್ನುತ್ತಾರೆ. ಹಿರಿಯರು ‘ಎಂಟಂಕಣದ ಮನಿ’ ಎಂದರೆ ಮನೆಯ ಗಾತ್ರವೂ ಮನೆತನದ ಅನುಕೂಲವೂ ಒಂದೇ ಮಾತಿನಲ್ಲಿ ತಿಳಿದುಬಿಡುತ್ತವೆ. ಬಂಕ, ಪಡಸಾಲೆ, ದೇವರ ಜಗಲಿ, ಅಡಿಗೆಮನೆ, ಬೆಳಕಿಂಡಿ, ಗೋಡೆಯ ಮಾಡಗಳು, ಕಾಳು ತುಂಬಿಡುವ ನೆಲದೊಳಗಿನ ಹಗೇವು, ಇವುಗಳಲ್ಲಿ ಪ್ರತಿಯೊಂದನ್ನೂ ನಕ್ಷೆಯಲ್ಲಿ ಗುರುತಿಸಿದೆ. ಹಗೇವಿನ ಬಾಯಿಯನ್ನು ಫರ್ಸಿ ಹಾಸಿ ಮುಚ್ಚಿರುವುದರಿಂದ ಅದು ಮೇಲೆ ಕಾಣುವುದಿಲ್ಲ. ಜೋಳ ತುಂಬಿದ ನೆನಪಿರುವವರು ‘ಇಲ್ಲಿ ಬಡದು ನೋಡ್ರಿ’ ಎಂದು ತೋರಿಸಿದ ಮೇಲೆಯೇ ಅದು ನಕ್ಷೆಗೆ ಬಂತು.

ಈ ಕೆಲಸದಲ್ಲಿ ನಾನು ಕಂಡುಕೊಂಡ ಮುಖ್ಯ ಸಂಗತಿ ಇದೇ: ಮಾತನ್ನು ಗೋಡೆಯ ಮುಂದೆ ನಿಂತು ಕೇಳಬೇಕು. ನವನಗರದ ಹಾಲ್‌ನಲ್ಲಿ ಕುಳಿತ ಹಿರಿಯರೊಬ್ಬರನ್ನು ‘ಓಣಿ ಹೆಂಗಿತ್ತರಿ’ ಎಂದು ಕೇಳಿದರೆ ‘ಭಾಳ ಚಂದ ಇತ್ರಿ, ಎಲ್ಲಾರೂ ಒಂದಾಗಿ ಇದ್ವಿ’ ಎಂಬ ಉತ್ತರ ಬರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ಏನನ್ನೂ ಬರೆಯಲಾಗದು. ಅದೇ ಹಿರಿಯರನ್ನು ಕರೆದೊಯ್ದು ಅವರ ಮನೆಯ ಮೂಲೆಯೊಂದನ್ನು ತೋರಿಸಿ ‘ಅಜ್ಜಾರ, ಇಲ್ಲಿ ಏನಿತ್ತರಿ’ ಎಂದು ಕೇಳಿದರೆ ಬೀಸುವ ಕಲ್ಲು ಬರುತ್ತದೆ, ಅದರ ಹಿಂದೆ ಬೀಸುತ್ತಿದ್ದ ಸೋದರತ್ತೆ ಬರುತ್ತಾಳೆ, ಆಕೆ ತವರಿಗೆ ಮರಳಿದ ಕಾರಣ ಬರುತ್ತದೆ. ನಡೆಯಲಾಗದವರಿಗಾಗಿ ಅವರ ಮನೆಯ ಪ್ರತಿ ಗೋಡೆಯ ಫೋಟೋವನ್ನು ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿ, ಬಾಗಿಲಿನಿಂದ ಒಳಗೆ ನಡೆಯುವ ಕ್ರಮದಲ್ಲಿ ಒಂದೊಂದಾಗಿ ಮುಂದಿಟ್ಟೆ.

ಹೆಂಗಸರ ನೆನಪು ಗಂಡಸರ ನೆನಪಿಗಿಂತ ಬೇರೆ ದಾರಿಯಲ್ಲಿ ನಡೆಯುತ್ತದೆ. ಗಂಡಸರು ಓಣಿಯನ್ನು ಅಂಗಡಿ, ಗರಡಿಮನೆ ಮತ್ತು ಹೋಳಿಹುಣ್ಣಿಮೆಯ ಬಣ್ಣದ ಬಂಡಿ ಸಾಗುವ ಹಾದಿಯ ಮೂಲಕ ನೆನೆಯುತ್ತಾರೆ. ಕಿಲ್ಲಾ, ಹಳಪೇಟೆ, ಹೊಸಪೇಟೆ, ಜೈನಪೇಟೆ, ವೆಂಕಟಪೇಟೆಗಳ ಹಲಗೆ ಮೇಳಗಳ ನಡುವಿನ ಪೈಪೋಟಿಯನ್ನು ಹೇಳಲು ಹೊರಟರೆ ಅವರಿಗೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಬಂಡಿ ಎಲ್ಲಿ ತಿರುಗಲಾರದೆ ನಿಲ್ಲುತ್ತಿತ್ತೆಂಬುದರಿಂದ ರಸ್ತೆಯ ಹಳೆಯ ಅಗಲವನ್ನು ನಾನು ಅಂದಾಜು ಮಾಡಿದ್ದುಂಟು. ಹೆಂಗಸರು ಅದೇ ಓಣಿಯನ್ನು ನೀರಿನ ಮೂಲಕ ನೆನೆಯುತ್ತಾರೆ. ಯಾವ ಬಾವಿ ಸಿಹಿ, ಯಾವುದು ಸವಳು, ಯಾವ ಬಾವಿಗೆ ಯಾವ ಮನೆಯವರು ಹೋಗುತ್ತಿದ್ದರು ಮತ್ತು ಯಾರಿಗೆ ಹೋಗಲು ಬಿಡುತ್ತಿರಲಿಲ್ಲ ಎಂಬುದನ್ನು ಅವರಷ್ಟು ಸ್ಪಷ್ಟವಾಗಿ ಗಂಡಸರಲ್ಲಿ ಒಬ್ಬರೂ ಹೇಳಲಿಲ್ಲ. ಅಡಿಗೆಮನೆಯವರೆಗೆ ನನಗೆ ಪ್ರವೇಶವಿರದ ಕಡೆ ನನ್ನ ಅಕ್ಕ ಜೊತೆಗೆ ಬಂದಳು. ಅವಳು ಇಲ್ಲದಿದ್ದರೆ ಈ ದಾಖಲೆಯಲ್ಲಿ ಅರ್ಧ ಓಣಿ ಮಾತ್ರ ಇರುತ್ತಿತ್ತು. ಬಾವಿಗೆ ಬಿಡದಿದ್ದ ಮಾತನ್ನು ಕೈಬಿಡಬೇಕೆಂದು ಒಂದಿಬ್ಬರು ಕೇಳಿಕೊಂಡರು, ನಾನು ಕೈಬಿಡಲಿಲ್ಲ. ಓಣಿ ಎಲ್ಲರಿಗೂ ಒಂದೇ ಆಗಿರಲಿಲ್ಲ ಎಂಬುದನ್ನು ಅಳಿಸಿ ಬರೆದ ಇತಿಹಾಸಕ್ಕೆ ಬೆಲೆಯಿಲ್ಲವೆಂದು ನಾನು ನಂಬಿದ್ದೇನೆ.

ಕಟ್ಟಡದ ಕಾಲ ನಿರ್ಣಯಿಸುವ ಕೆಲಸ ನನಗೆ ಅತ್ಯಂತ ಪ್ರಿಯವಾದದ್ದು. ಒಂದು ಮನೆಯ ತಲಬಾಗಿಲಿನ ಲಲಾಟಪಟ್ಟಿಯಲ್ಲಿ ಗಜಲಕ್ಷ್ಮಿಯ ಕೆಳಗೆ ‘ರಕ್ತಾಕ್ಷಿ ನಾಮ ಸಂವತ್ಸರ’ ಎಂದು ಕೆತ್ತಿದ್ದರು, ಶಕವರ್ಷದ ಸಂಖ್ಯೆ ಇರಲಿಲ್ಲ. ಸಂಖ್ಯೆ ಇದ್ದಿದ್ದರೆ ಅದಕ್ಕೆ 78 ಕೂಡಿಸಿ ಇಸವಿಯನ್ನು ಪಡೆಯಬಹುದಿತ್ತು. ಸಂವತ್ಸರದ ಹೆಸರು ಮಾತ್ರ 60 ವರ್ಷಕ್ಕೊಮ್ಮೆ ಮರಳುತ್ತದೆ, ಆದ್ದರಿಂದ ಮನೆ 1864–65ರದೂ ಆಗಿರಬಹುದು, 1924–25ರದೂ ಆಗಿರಬಹುದು. ಪಡಸಾಲೆಯ ಮಾಳಿಗೆಯನ್ನು ಕಬ್ಬಿಣದ ಗರ್ಡರುಗಳು ಹೊತ್ತಿದ್ದವು. ಅಷ್ಟು ಭಾರದ ಗರ್ಡರುಗಳು ರೈಲು ಬರುವುದಕ್ಕೆ ಮುಂಚೆ ಈ ಊರನ್ನು ತಲುಪಿರುವುದು ಕಷ್ಟ. ಆದರೆ ಹಳೆಯ ತೊಲೆ ತೆಗೆದು ಮುಂದೆ ಗರ್ಡರು ಕೂರಿಸಿರಬಹುದಲ್ಲವೇ ಎಂಬ ಸಂದೇಹಕ್ಕೆ ಗೋಡೆಯನ್ನೇ ನೋಡಬೇಕಾಯಿತು: ಗರ್ಡರಿನ ತುದಿಗಳನ್ನು ಹಿಡಿದಿದ್ದ ಕಲ್ಲುಗಳು ಅದೇ ಅಳತೆಗೆ ಕೊರೆದವಾಗಿದ್ದು, ಸುತ್ತಲಿನ ಗಚ್ಚು ಉಳಿದ ಗೋಡೆಯ ಗಚ್ಚಿಗಿಂತ ಬೇರೆಯಾಗಿರಲಿಲ್ಲ. ಇಷ್ಟಾದ ಮೇಲೂ ನಾನು ವರ್ಷವನ್ನು ಪೆನ್ಸಿಲ್‌ನಲ್ಲಿಯೇ ಬರೆದಿದ್ದೆ. ಆ ಮನೆಗೆ ಸೊಸೆಯಾಗಿ ಬಂದಿದ್ದ ಹಿರಿಯ ಹೆಣ್ಣುಮಗಳೊಬ್ಬರು, ನಾನು ಕಾಲದ ಮಾತನ್ನೇ ಎತ್ತದಿದ್ದಾಗ, ‘ನಮ್ಮ ಅತ್ತಿಯವರ ಮಾವ ಬೆಳಗಾಂವಿ ಕಾಂಗ್ರೆಸ್ಸಿಗೆ ಹೋಗಿ ಗಾಂಧೀಜಿನ್ನ ನೋಡಿ ಬಂದ ವರ್ಷನ ಈ ಮನಿ ವಾಸ್ತುಶಾಂತಿ ಆತಂತ’ ಎಂದರು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನ ನಡೆದದ್ದು 1924ರ ಡಿಸೆಂಬರಿನಲ್ಲಿ, ಅಂದರೆ ರಕ್ತಾಕ್ಷಿ ಸಂವತ್ಸರದಲ್ಲಿಯೇ. ಅಕ್ಷರ, ಕಬ್ಬಿಣ, ಮಾತು ಈ ಮೂರೂ ಒಂದೇ ವರ್ಷವನ್ನು ತೋರಿಸಿದಾಗ ನನಗಾದ ಸಂತೋಷ ದೊಡ್ಡದು. ಆ ಮನೆಯ ಪುಟದಲ್ಲಿ ಈಗ ಮಸಿಯಲ್ಲಿ ಬರೆದ ವರ್ಷವಿದೆ.

ಜನ ಇಸವಿ ಹೇಳುವುದಿಲ್ಲ, ಘಟನೆ ಹೇಳುತ್ತಾರೆ. ‘ಮುಂಬಯಿ ಸರಕಾರ ಇದ್ದಾಗ’ ಎಂದರೆ 1956ರ ನವೆಂಬರ್ 1ಕ್ಕಿಂತ ಮುಂಚೆ; ‘ಬರಗಾಲದಾಗ’ ಎಂದು ಅರವತ್ತು ದಾಟಿದವರು ಹೇಳಿದರೆ ಸಾಮಾನ್ಯವಾಗಿ 1972ರ ಬರ; ‘ದೊಡ್ಡ ಮಳಿ’ ಎಂದರೆ 2009ರದೋ 2019ರದೋ ಎಂದು ಮತ್ತೆ ಕೇಳಬೇಕು. ಇಂಥ ಘಟನೆಗಳ ಒಂದು ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು, ‘ಅದಕ್ಕಿಂತ ಮೊದಲೋ ಆಮ್ಯಾಲೋ’ ಎಂದಷ್ಟೇ ಕೇಳುತ್ತಿದ್ದೆ.

ಕಾಗದಪತ್ರಗಳ ವಿಷಯದಲ್ಲಿ ಸಿಟಿ ಸರ್ವೆ ಉತಾರ (ಆಸ್ತಿಯ ದಾಖಲೆಯ ಪ್ರತಿ) ಮತ್ತು ನಕ್ಷೆಗಳು ಬೆನ್ನೆಲುಬಾದವು. ನೆಲಸಮವಾದ ಮನೆಗಳ ಗಡಿಗಳು ಅವುಗಳಲ್ಲಿ ಮಾತ್ರ ಉಳಿದಿವೆ. ಸ್ವಾಧೀನದ ವೇಳೆ ಮಾಡಿದ ಪಂಚನಾಮೆಯ ಪ್ರತಿಯನ್ನು ಕಾಪಾಡಿಕೊಂಡ ಕುಟುಂಬಗಳಲ್ಲಿ ಬಾಗಿಲು, ಕಿಟಕಿ, ಕಂಬಗಳ ಲೆಕ್ಕವೂ ಸಿಕ್ಕಿತು. ಹಳೆಯ ಖರೀದಿಪತ್ರಗಳಲ್ಲಿ ಕೆಲವು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ಈಗ ವಿರಳ, ಹೀಗಾಗಿ ಅವುಗಳನ್ನು ಫೋಟೋ ತೆಗೆದು ಓದುವವರಿಗೆ ಕಳಿಸಿ ಕಾಯಬೇಕಾಯಿತು.

ಕಾಗದ ಕೇಳಿದೊಡನೆ ಅನುಮಾನ ಹುಟ್ಟುವುದು ಸಹಜ. ಹೆಚ್ಚುವರಿ ಪರಿಹಾರದ ವ್ಯಾಜ್ಯ, ಅಣ್ಣತಮ್ಮಂದಿರ ವಾಟ್ನಿಯ (ಆಸ್ತಿ ಪಾಲಿನ) ತಕರಾರು ಇರುವ ಮನೆಗಳಲ್ಲಿ ಟೇಪು ಹಿಡಿದವನನ್ನು ಸರ್ವೆಯವನೆಂದೇ ತಿಳಿಯುತ್ತಾರೆ. ಆದ್ದರಿಂದ ಪ್ರತಿ ನಕ್ಷೆಯ ಮೇಲೆ ಇದು ನೆನಪಿಗಾಗಿ ಮಾಡಿದ ದಾಖಲೆ, ಹಕ್ಕಿನ ಪುರಾವೆ ಅಲ್ಲ ಎಂದು ಬರೆದೆ. ಒಪ್ಪಿಗೆಪತ್ರವನ್ನು ಎಲ್ಲರೆದುರು ಗಟ್ಟಿಯಾಗಿ ಓದಿ ಹೇಳಿದೆ. ‘ಇದನ್ನ ಬರಕೋಬ್ಯಾಡ’ ಎಂದಾಗ ಮೊಬೈಲಿನ ರೆಕಾರ್ಡಿಂಗನ್ನು ಅವರ ಕಣ್ಣೆದುರೇ ನಿಲ್ಲಿಸಿದೆ.

ಮುರಿದ ಮನೆಗಳ ಜಾಡು ಹಿಡಿಯಲು ಬಾಗಿಲುಗಳು ನೆರವಾದವು. ಮನೆ ಬಿಡುವಾಗ ಬಹಳಷ್ಟು ಕುಟುಂಬಗಳು ಸಾಗವಾನಿಯ ಚೌಕಟ್ಟು, ಕಂಬ, ಬೋದಿಗೆಗಳನ್ನು ಬಿಚ್ಚಿಕೊಂಡು ಹೋಗಿದ್ದವು. ನವನಗರದ ಕಾಂಕ್ರೀಟಿನ ಮನೆಗಳಲ್ಲಿ ಅವು ಎಲ್ಲೆಲ್ಲಿ ಸೇರಿವೆಯೆಂದು ವಿಚಾರಿಸುತ್ತ ಹೋದೆ. ಒಂದು ಕಡೆ ತಲಬಾಗಿಲಿನ ಚೌಕಟ್ಟು ಎತ್ತರಕ್ಕೆ ಹೊಂದದೆ ದೇವರ ಕೋಣೆಗೆ ಬಂದಿತ್ತು, ಇನ್ನೊಂದು ಕಡೆ ಜೋಡಿ ಕಂಬಗಳಲ್ಲಿ ಒಂದು ಅಣ್ಣನ ಮನೆಯಲ್ಲಿಯೂ ಇನ್ನೊಂದು ತಮ್ಮನ ಮನೆಯಲ್ಲಿಯೂ ಇತ್ತು. ಎರಡನ್ನೂ ಅಳೆದು, ಕೆತ್ತನೆಯನ್ನು ಹೊಂದಿಸಿ ನೋಡಿ, ನೆಲಸಮವಾದ ಪಡಸಾಲೆಯ ಎತ್ತರವನ್ನು ನಕ್ಷೆಗೆ ತಂದೆ. ಹಳೆಯ ನೆರೆಯವರನ್ನು ಒಂದೆಡೆ ಕೂಡಿಸಿ, ಸಿಟಿ ಸರ್ವೆ ನಕ್ಷೆಯ ಖಾಲಿ ಗೆರೆಗಳನ್ನು ದೊಡ್ಡ ಹಾಳೆಗೆ ಇಳಿಸಿ ನೆಲದ ಮೇಲೆ ಹಾಸಿದಾಗ, ಅವರು ತಮ್ಮ ತಮ್ಮ ಮನೆಯ ಜಾಗದ ಬಳಿಗೆ ಸರಿದು ಕುಳಿತರು, ಓಣಿಯ ಸಾಲು ತಾನಾಗಿಯೇ ಕೂಡಿಬಂತು. ತಕರಾರುಗಳೂ ಬಂದವು. ಓಣಿಯ ಬಾವಿಯನ್ನು ತೋಡಿಸಿದವರು ತಮ್ಮ ಹಿರಿಯರೆಂದು ಎರಡು ಮನೆತನದವರು ಹೇಳಿದರು, ಅದನ್ನು ನಿರ್ಣಯಿಸುವ ಕಾಗದ ಸಿಗಲಿಲ್ಲ, ಎರಡು ಮಾತುಗಳನ್ನೂ ಹೇಳಿದವರ ಹೆಸರಿನೊಡನೆ ಅಕ್ಕಪಕ್ಕದಲ್ಲಿ ಬರೆದಿದ್ದೇನೆ.

ಧ್ವನಿಮುದ್ರಿಕೆಗಳನ್ನು ಬರಹಕ್ಕೆ ಇಳಿಸುವಾಗ ಆಡಿದ ಮಾತನ್ನು ಪುಸ್ತಕದ ಭಾಷೆಗೆ ತಿದ್ದಲಿಲ್ಲ. ಅಂಕಣ, ಬಂಕ, ಹಗೇವು ಎಂಬ ಪದಗಳ ಜೊತೆಗೆ ಅವನ್ನು ಆಡುವ ಧಾಟಿಯೂ ಓಣಿಯದೇ ಆಸ್ತಿ. ಪ್ರತಿ ಮನೆಗೆ ಒಂದು ಕಡತವಿದೆ: ನಕ್ಷೆ, ಫೋಟೋ, ಉತಾರದ ಪ್ರತಿ, ಹೇಳಿಕೆಯ ಬರಹ. ಕಡತದ ಒಂದೊಂದು ಪ್ರತಿಯನ್ನು ಆಯಾ ಕುಟುಂಬಕ್ಕೆ ಮೊದಲು ಕೊಟ್ಟೆ. ಅವರು ಓದಿ, ಓದಿಸಿಕೊಂಡು, ಅಂಚಿನಲ್ಲಿ ಬರೆದು ಹಿಂತಿರುಗಿಸಿದ ತಿದ್ದುಪಡಿಗಳು ಈಗ ದಾಖಲೆಯ ಭಾಗವಾಗಿವೆ. ಹುಡುಗನೊಬ್ಬ ತನ್ನ ಅಜ್ಜಿಯ ಹೇಳಿಕೆಯ ಕೆಳಗೆ, ಆಕೆ ಬಿಟ್ಟಿದ್ದ ಮೂರು ಮನೆಗಳ ಅಡ್ಡಹೆಸರುಗಳನ್ನು ಆಕೆಯಿಂದಲೇ ಕೇಳಿ ಸೇರಿಸಿ ಕಳಿಸಿದ್ದಾನೆ. ಆ ಮೂರು ಮನೆಗಳವರು ಈಗ ಯಾವ ಸೆಕ್ಟರಿನಲ್ಲಿದ್ದಾರೆಂದು ವಿಚಾರಿಸುತ್ತಿದ್ದೇನೆ.