ಮೂರು ಜಿಪಿಎ, ನಾಲ್ಕು ವರ್ಷದ ಫೀಸು

ಅಮೆರಿಕದ ಕಾಲೇಜುಗಳಿಂದ ಹಣದ ನೆರವಿನ ಪತ್ರಗಳು ಬರುವುದು ಮಾರ್ಚ್ ಕೊನೆ, ಏಪ್ರಿಲ್ ಮೊದಲಲ್ಲಿ, ಹೆಚ್ಚುಕಮ್ಮಿ ಯುಗಾದಿ ಹೊತ್ತಿಗೆ. ಕನ್ನಡ ಕೂಟದ ಹಬ್ಬದೂಟದ ಸಾಲಿನಲ್ಲಿ ಪ್ರತಿವರ್ಷ ಒಂದೇ ಬಗೆಯ ಮಾತು ಕೇಳುತ್ತದೆ: "ನಮ್ಮ ಹುಡುಗನಿಗೆ ನಲವತ್ತಾರು ಸಾವಿರ ಡಾಲರ್ ಕೊಟ್ಟಿದ್ದಾರೆ ರೀ, ನಾವು ಕಟ್ಟಬೇಕಾದ್ದು ಬರೀ ಹನ್ನೆರಡು." ಹುಡುಗನ ಜಿಪಿಎ (ನಾಲ್ಕರ ಅಳತೆಯ ಸರಾಸರಿ ಅಂಕ) 3.1 ಇರುತ್ತದೆ, ಎಸ್‌ಎಟಿ ಪ್ರವೇಶ ಪರೀಕ್ಷೆಯ ಅಂಕ ಸಾಧಾರಣವಾಗಿರುತ್ತದೆ. ಅಷ್ಟಕ್ಕೇ ಇಷ್ಟೊಂದು ಕೊಟ್ಟರಲ್ಲ ಎಂಬ ನೆಮ್ಮದಿಯಲ್ಲಿ ಅಪ್ಪ ಅಮ್ಮ ಸೀಟು ಕಾಯ್ದಿರಿಸುವ ಡೆಪಾಸಿಟ್ ಕಟ್ಟಿಬಿಡುತ್ತಾರೆ. ಹೊಸದಾಗಿ ಬಂದ ಕುಟುಂಬಗಳು ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಹಾಗಾಗಿ ಮೊದಲು ಈ ಪತ್ರವನ್ನೇ ಬಿಡಿಸಿ ನೋಡೋಣ.

ಒಂದು ಮಾದರಿ ಪತ್ರ ಹೀಗಿದೆ ಎಂದುಕೊಳ್ಳಿ. ಮೇಲ್ಗಡೆ ವರ್ಷದ ಒಟ್ಟು ಖರ್ಚು 58,000 ಡಾಲರ್. ಅದರ ಕೆಳಗೆ "ನಿಮಗೆ ದೊರೆತ ನೆರವು" ಎಂದು ಐದು ಸಾಲು: ಡೀನ್ಸ್ ಸ್ಕಾಲರ್‌ಶಿಪ್ 18,000, ಡೈರೆಕ್ಟ್ ಸಬ್ಸಿಡೈಸ್ಡ್ 3,500, ಡೈರೆಕ್ಟ್ ಅನ್‌ಸಬ್ಸಿಡೈಸ್ಡ್ 2,000, ವರ್ಕ್-ಸ್ಟಡಿ 2,500, ಪೇರೆಂಟ್ ಪ್ಲಸ್ 20,000. ಕೂಡಿದರೆ 46,000, ಉಳಿದದ್ದು 12,000. ಕೂಡಿದ್ದರಲ್ಲಿ ತಪ್ಪಿಲ್ಲ. ಆದರೆ ಈ ಐದರಲ್ಲಿ ಕೊಡುಗೆ ಎನ್ನಬಹುದಾದದ್ದು ಮೊದಲನೆಯ ಸಾಲು ಮಾತ್ರ.

ಎರಡನೆಯದೂ ಮೂರನೆಯದೂ ಮಗನ ಹೆಸರಿನ ಸಾಲ. ಸಬ್ಸಿಡೈಸ್ಡ್ ಅಂದರೆ ಓದುವಷ್ಟು ಕಾಲ ಬಡ್ಡಿಯನ್ನು ಸರ್ಕಾರ ನೋಡಿಕೊಳ್ಳುತ್ತದೆ, ಅಸಲು ಮಾತ್ರ ಪೂರ್ತಿ ತೀರಿಸಲೇಬೇಕು. ಅನ್‌ಸಬ್ಸಿಡೈಸ್ಡ್‌ಗೆ ಹಣ ಕೈಸೇರಿದ ದಿನದಿಂದಲೇ ಬಡ್ಡಿ. ವರ್ಕ್-ಸ್ಟಡಿಯ 2,500 ಬಿಲ್ಲಿನಲ್ಲಿ ಕಡಿತವಾಗುವುದೇ ಇಲ್ಲ. ಮಗ ಕ್ಯಾಂಪಸ್ಸಿನಲ್ಲಿ ತಾನೇ ಕೆಲಸ ಹುಡುಕಿಕೊಂಡು, ದುಡಿದ ಮೇಲೆ ಸಂಬಳದ ರೂಪದಲ್ಲಿ ಬರುವ ಹಣ ಅದು. ಕೆಲಸ ಸಿಗದಿದ್ದರೆ ಅದೂ ಇಲ್ಲ. ಆಗಸ್ಟಿನ ಫೀಸಿಗೆ ಅದನ್ನು ನಂಬಿ ಕೂರಬೇಡಿ.

ಐದನೆಯ ಸಾಲು ಎಲ್ಲಕ್ಕಿಂತ ಅಪಾಯದ್ದು. ಪೇರೆಂಟ್ ಪ್ಲಸ್ ಅಪ್ಪ ಅಥವಾ ಅಮ್ಮ ತಮ್ಮ ಹೆಸರಿನಲ್ಲಿ ಎತ್ತುವ ಸಾಲ. ಕೊಡುವಾಗಲೇ 4.228 ಶೇಕಡಾ ಶುಲ್ಕ ಹಿಡಿಯುತ್ತಾರೆ: 20,000ಕ್ಕೆ ಸಹಿ ಹಾಕಿದರೆ ಕಾಲೇಜಿಗೆ ಸೇರುವುದು ಸುಮಾರು 19,155, ಬಡ್ಡಿ ಮಾತ್ರ ಪೂರ್ತಿ 20,000ದ ಮೇಲೆ. 2025ರ ಜುಲೈನಲ್ಲಿ ಬಂದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಎತ್ತುವವರಿಗೆ ಮಿತಿಯೂ ಇದೆ: ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟಾರೆ 65,000. ಲೆಕ್ಕ ಹಾಕಿ ನೋಡಿ. ಮೂರು ವರ್ಷ ಇಪ್ಪತ್ತಿಪ್ಪತ್ತು ಸಾವಿರ ಎತ್ತಿದರೆ ಕೊನೆಯ ವರ್ಷಕ್ಕೆ ಉಳಿಯುವುದು ಬರೀ 5,000. ಡಿಗ್ರಿ ಮುಗಿಯುವ ಹೊತ್ತಿಗೆ ದಾರಿ ಮುಚ್ಚಿಹೋಗುತ್ತದೆ.

ಇನ್ನೊಂದು, ನಮ್ಮವರಿಗೇ ಹೆಚ್ಚು ತಟ್ಟುವ ವಿಷಯ. ಎಚ್-1ಬಿ ಕೆಲಸದ ವೀಸಾ ಮೇಲಿರುವ ತಂದೆತಾಯಿಗೆ ಪೇರೆಂಟ್ ಪ್ಲಸ್ ಸಿಗುವುದಿಲ್ಲ, ಮಗು ಇಲ್ಲೇ ಹುಟ್ಟಿದ ನಾಗರಿಕನಾಗಿದ್ದರೂ ಅಷ್ಟೇ. ಪತ್ರದಲ್ಲಿ ಆ ಸಾಲು ಅಚ್ಚಾಗಿ ಬಂದಿದೆ ಎಂದ ಮಾತ್ರಕ್ಕೆ ಹಣ ಬಂತೆಂದಲ್ಲ. ಇಂಥ ಸಂದರ್ಭದಲ್ಲಿ ನೆರವಿನ ಕಚೇರಿಗೆ ಬರೆದು, ಪೋಷಕರು ಪ್ಲಸ್‌ಗೆ ಅರ್ಹರಲ್ಲ ಎಂದು ತಿಳಿಸಿ, ಮಗುವಿನ ಹೆಸರಿಗೇ ಹೆಚ್ಚುವರಿ ಅನ್‌ಸಬ್ಸಿಡೈಸ್ಡ್ ಸಾಲ ಕೇಳಬಹುದು. ಅವರು ಒಪ್ಪಿದರೆ ಮೊದಲೆರಡು ವರ್ಷ ವರ್ಷಕ್ಕೆ 4,000ದವರೆಗೆ, ಆಮೇಲೆ 5,000ದವರೆಗೆ ಹೆಚ್ಚು ಸಿಗುತ್ತದೆ. ಕೇಳದಿದ್ದರೆ ತಾವಾಗಿ ಹೇಳುವವರು ಕಡಿಮೆ.

ಅಂದಮೇಲೆ ಆ ಕಾಲೇಜಿನ ನಿಜವಾದ ಬೆಲೆ 58,000ದಲ್ಲಿ 18,000 ಕಳೆದ 40,000. ಹನ್ನೆರಡು ಸಾವಿರ ಎಂಬುದು ಸಾಲವನ್ನೂ ಮಗನ ಸಂಬಳವನ್ನೂ ಕಳೆದು ತೋರಿಸಿದ ಮೊತ್ತವಷ್ಟೇ. ಇದನ್ನು ಬಿಡಿಸಿ ಹೇಳುವ ಹೊಣೆ ಕಾಲೇಜಿನದ್ದಾಗಬೇಕಿತ್ತು. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ ಜಿಎಒ 2022ರಲ್ಲಿ ಇಂಥ ಪತ್ರಗಳನ್ನು ಪರಿಶೀಲಿಸಿದಾಗ, 91 ಶೇಕಡಾ ಕಾಲೇಜುಗಳು ನಿಜವಾದ ಬೆಲೆಯನ್ನು ಹೇಳದೆ ಬಿಡುತ್ತವೆ ಇಲ್ಲವೇ ಕಡಿಮೆ ಮಾಡಿ ತೋರಿಸುತ್ತವೆ ಎಂದು ಕಂಡುಬಂತು. ಈ ಒಂದು ವಿಷಯದಲ್ಲಿ ನಮ್ಮ ಸಿಇಟಿ ಪದ್ಧತಿಯೇ ವಾಸಿ. ರ‍್ಯಾಂಕು ಎಷ್ಟೇ ಬರಲಿ, ಸರ್ಕಾರಿ ಸೀಟಿಗೆ ಎಷ್ಟು ಫೀಸು ಎಂಬುದು ಕಾಲೇಜು ಆರಿಸುವ ಮೊದಲೇ ಗೊತ್ತಿರುತ್ತದೆ. ಇಲ್ಲಿ ಒಂದೇ ಬೆಂಚಿನಲ್ಲಿ ಕೂತ ಮೂವರು ಮೂರು ಬೆಲೆ ಕೊಟ್ಟಿರುತ್ತಾರೆ, ಅದು ತಿಳಿಯುವುದೂ ಪ್ರವೇಶ ಸಿಕ್ಕ ಮೇಲೆ.

ಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇರುತ್ತದೆ: ಜಿಪಿಎ 3.0 ಉಳಿಸಿಕೊಂಡರೆ ಮಾತ್ರ ಸ್ಕಾಲರ್‌ಶಿಪ್ ಮುಂದುವರಿಯುತ್ತದೆ. ಹೈಸ್ಕೂಲಿನಲ್ಲಿ 3.1 ಇದ್ದ ಮಗುವಿಗೆ ಇದು ಸಣ್ಣ ಷರತ್ತಲ್ಲ. ಅದರಲ್ಲೂ ಆ 3.1 ವೆಯ್ಟೆಡ್ ಲೆಕ್ಕದ್ದಾಗಿದ್ದರೆ, ಅಂದರೆ ಎಪಿ, ಆನರ್ಸ್ ಎಂಬ ಕಠಿಣ ತರಗತಿಗಳಿಗೆ ಹೆಚ್ಚುವರಿ ಅಂಕ ಸೇರಿಸಿ ಬಂದದ್ದಾಗಿದ್ದರೆ, ಕಾಲೇಜಿನಲ್ಲಿ ಆ ಊರುಗೋಲು ಇರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಕ್ಯಾಲ್ಕುಲಸ್, ಕೆಮಿಸ್ಟ್ರಿ, ಪ್ರೋಗ್ರಾಮಿಂಗ್ ಮೂರನ್ನೂ ಒಟ್ಟಿಗೆ ಹೊರಿಸುವುದು ನಮ್ಮ ಮನೆಗಳ ಹಳೆಯ ಅಭ್ಯಾಸ. 15 ಕ್ರೆಡಿಟ್‌ಗೆ 2.6 ಬಂತೆನ್ನಿ, ವರ್ಷದ ಕೊನೆಗೆ 3.0 ಮುಟ್ಟಬೇಕಾದರೆ ಮುಂದಿನ 15 ಕ್ರೆಡಿಟ್‌ನಲ್ಲಿ 3.4 ತೆಗೆಯಬೇಕು. ತಪ್ಪಿದರೆ ಉಳಿದ ಮೂರು ವರ್ಷದ 54,000 ಹೋಯಿತು. ವರ್ಷಕ್ಕೆ 4 ಶೇಕಡಾ ಖರ್ಚು ಏರಿದರೆ ಇದೇ ಕಾಲೇಜಿನ ನಾಲ್ಕು ವರ್ಷಕ್ಕೆ ಸ್ಕಾಲರ್‌ಶಿಪ್ ಕಳೆದು ಸುಮಾರು 1,74,000 ಡಾಲರ್. ಮೊದಲ ವರ್ಷದ ನಂತರ ಸ್ಕಾಲರ್‌ಶಿಪ್ ಬಿದ್ದುಹೋದರೆ 2,28,000. ಖರ್ಚು ಏರಿದ ಹಾಗೆ ಸ್ಕಾಲರ್‌ಶಿಪ್ ಸಾಮಾನ್ಯವಾಗಿ ಏರುವುದಿಲ್ಲ, ಅದು 18,000ದಲ್ಲೇ ನಿಂತಿರುತ್ತದೆ.

ಡೆಪಾಸಿಟ್ ಕಟ್ಟುವ ಮುಂಚೆ ಕಾಲೇಜಿಗೆ ಈಮೇಲ್ ಬರೆದು, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಎಷ್ಟು ಜಿಪಿಎ ಬೇಕು? ಪರಿಶೀಲನೆ ಪ್ರತಿ ಸೆಮಿಸ್ಟರಿಗೋ ವರ್ಷಕ್ಕೊಮ್ಮೆಯೋ? ಒಮ್ಮೆ ಕೆಳಗಿಳಿದರೆ ಪ್ರೊಬೇಷನ್, ಅಂದರೆ ಸುಧಾರಿಸಿಕೊಳ್ಳಲು ಅವಕಾಶ, ಇದೆಯೋ, ಬೇಸಿಗೆ ತರಗತಿಯಲ್ಲಿ ಏರಿಸಿಕೊಳ್ಳಲು ಬಿಡುತ್ತಾರೋ? ಕಳೆದ ವರ್ಷ ಈ ಸ್ಕಾಲರ್‌ಶಿಪ್ ಪಡೆದವರಲ್ಲಿ ಎಷ್ಟು ಮಂದಿ ಎರಡನೇ ವರ್ಷಕ್ಕೂ ಉಳಿಸಿಕೊಂಡರು? ಕೊನೆಯ ಪ್ರಶ್ನೆಗೆ ನುಣುಚಿಕೊಂಡರೆ ಅದೂ ಒಂದು ಉತ್ತರವೇ. ಸಾಧಾರಣ ಅಂಕದ ಮಗುವಿಗೆ 3.0 ಷರತ್ತಿನ 18,000ಕ್ಕಿಂತ 2.5 ಷರತ್ತಿನ 14,000 ಎಷ್ಟೋ ಮೇಲು.

ಇನ್ನು ಇಂಥ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುವ ಕಾಲೇಜು ಎಲ್ಲಿ? ಐವಿ ಲೀಗಿನ ಎಂಟೂ ಕಾಲೇಜುಗಳಲ್ಲಿ ಅಂಕದ ಮೇಲೆ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಅದಿರುವುದು ಸೀಟು ತುಂಬಿಸಿಕೊಳ್ಳಬೇಕಾದ ಖಾಸಗಿ ಕಾಲೇಜುಗಳಲ್ಲಿ, ಎರಡನೇ ಸಾಲಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ. ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ತಮ್ಮ ಘೋಷಿತ ಟ್ಯೂಷನ್‌ನಲ್ಲಿ (ಬೋಧನಾ ಶುಲ್ಕದಲ್ಲಿ) ಸರಾಸರಿ ಅರ್ಧಕ್ಕಿಂತ ಹೆಚ್ಚು ರಿಯಾಯಿತಿ ಕೊಡುತ್ತಿವೆ. ಕಾಲೇಜಿನ ಹೆಸರಿನ ಜೊತೆ "ಕಾಮನ್ ಡೇಟಾ ಸೆಟ್" ಎಂದು ಹುಡುಕಿ, ಅದು ಕಾಲೇಜೇ ಪ್ರಕಟಿಸುವ ಅಂಕಿಅಂಶಗಳ ಪಟ್ಟಿ. ಸಿ9ರಲ್ಲಿ ಎಸ್‌ಎಟಿ ಅಂಕಗಳು, ಸಿ11, ಸಿ12ರಲ್ಲಿ ಹೈಸ್ಕೂಲು ಜಿಪಿಎ ಇರುತ್ತದೆ. ನಿಮ್ಮ ಮಗು ಅಲ್ಲಿನ ಮೇಲಿನ ಕಾಲುಭಾಗದಲ್ಲಿ ಬರುತ್ತದೆಯೇ ನೋಡಿ. ಆಮೇಲೆ ಎಚ್2ಎ: ಹಣದ ಅಗತ್ಯ ಇಲ್ಲದವರಿಗೂ ಎಷ್ಟು ಮಂದಿಗೆ, ಸರಾಸರಿ ಎಷ್ಟು ಕೊಟ್ಟಿದ್ದಾರೆ ಎಂಬುದು ಅಲ್ಲಿದೆ. ಮಾರನೇ ದಿನ ಅದೇ ಕಾಲೇಜಿನ ಜಾಲತಾಣದಲ್ಲಿ, ನಿಮಗೆ ಬೀಳುವ ಬೆಲೆಯನ್ನು ಅಂದಾಜಿಸುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಅಂಕಿಅಂಶ ತುಂಬಿ. 2011ರಿಂದ ಇದನ್ನು ಇಡುವುದು ಕಡ್ಡಾಯ. ಜಿಪಿಎ ಕೇಳದ ಕ್ಯಾಲ್ಕುಲೇಟರ್ ಆಗಿದ್ದರೆ ಅಂಕದ ಸ್ಕಾಲರ್‌ಶಿಪ್ ಅದರಲ್ಲಿ ಸೇರಿಲ್ಲವೆಂದೇ ತಿಳಿಯಿರಿ. ಈ ಎರಡು ಸಂಜೆಯ ಕೆಲಸ, ನೂರು ಪ್ರಬಂಧ ಸ್ಪರ್ಧೆಗಳಿಗೆ ಅರ್ಜಿ ಹಾಕುವುದಕ್ಕಿಂತ ಹೆಚ್ಚು ಹಣ ಉಳಿಸುತ್ತದೆ. ಅರ್ಜಿಗೆ, "ಪ್ರೊಸೆಸಿಂಗ್"ಗೆ ದುಡ್ಡು ಕೇಳುವ ಸ್ಕಾಲರ್‌ಶಿಪ್ ಏಜೆಂಟರನ್ನು ಹತ್ತಿರ ಸೇರಿಸಬೇಡಿ.

ಪಕ್ಕದ ರಾಜ್ಯದ ಕಾಲೇಜನ್ನೂ ಮರೆಯಬೇಡಿ. ಪಶ್ಚಿಮದ ರಾಜ್ಯಗಳಲ್ಲಿರುವವರಿಗೆ ಡಬ್ಲ್ಯುಯುಇ ಎಂಬ ಒಪ್ಪಂದವಿದೆ. ಅದರಲ್ಲಿ ಸೇರಿದ ಕಾಲೇಜುಗಳು ಹೊರರಾಜ್ಯದವರಿಗೆ ಸ್ಥಳೀಯ ಟ್ಯೂಷನ್‌ನ ಒಂದೂವರೆ ಪಟ್ಟಿಗಿಂತ ಹೆಚ್ಚು ವಿಧಿಸುವಂತಿಲ್ಲ. ಮಿಡ್‌ವೆಸ್ಟ್‌ನಲ್ಲೂ ಇಂಥದ್ದೇ ವ್ಯವಸ್ಥೆ. ಎಲ್ಲ ಕಾಲೇಜುಗಳೂ ಎಲ್ಲ ವಿಷಯಗಳೂ ಇದರಲ್ಲಿ ಬರುವುದಿಲ್ಲ, ಮೊದಲೇ ವಿಚಾರಿಸಿ.

ರಾಜ್ಯದ ಹಣಕ್ಕೆ ರಾಜ್ಯದ್ದೇ ಷರತ್ತು. ಜಾರ್ಜಿಯಾದ ಹೋಪ್ ಸ್ಕಾಲರ್‌ಶಿಪ್‌ಗೆ 3.0 ಬೇಕು, ಆದರೆ ಆ 3.0 ಮುಖ್ಯ ವಿಷಯಗಳನ್ನಷ್ಟೇ ಹಿಡಿದು ರಾಜ್ಯವೇ ಹೊಸದಾಗಿ ಹಾಕುವ ಲೆಕ್ಕ. ನ್ಯೂಯಾರ್ಕಿನ ಎಕ್ಸೆಲ್ಸಿಯರ್‌ಗೆ ಭಾರೀ ಅಂಕ ಬೇಡ, ಮನೆಯ ಆದಾಯ 1,25,000 ಡಾಲರ್ ದಾಟಬಾರದು, ವರ್ಷಕ್ಕೆ 30 ಕ್ರೆಡಿಟ್ ಮುಗಿಸಬೇಕು. ಓದು ಮುಗಿದ ಮೇಲೆ, ಎಷ್ಟು ವರ್ಷ ಹಣ ಪಡೆದಿರೋ ಅಷ್ಟು ವರ್ಷ ನ್ಯೂಯಾರ್ಕ್ ರಾಜ್ಯದಲ್ಲೇ ಇರಬೇಕು. ಬೇರೆ ರಾಜ್ಯದಲ್ಲಿ ಕೆಲಸಕ್ಕೆ ಸೇರಿ ಅಲ್ಲಿ ನೆಲೆಸಿದರೆ ಕೊಟ್ಟ ಹಣ ಸಾಲವಾಗಿ ತಿರುಗುತ್ತದೆ.

ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸ್ಥಳೀಯ ಕಾಲೇಜು, ಎಂದರೆ ನಮ್ಮವರು ಮೂಗು ಮುರಿಯುತ್ತಾರೆ. ಊರಲ್ಲಿ ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಎರಡನೇ ವರ್ಷದ ಬಿಇಗೆ ಸೇರಿ ಚೆನ್ನಾಗಿ ನೆಲೆಯಾದವರನ್ನು ನೆನೆದುಕೊಳ್ಳಿ, ಇದು ಅದರ ಅಣ್ಣ. ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್. 15 ಯೂನಿಟ್ಟಿನ ಸೆಮಿಸ್ಟರಿಗೆ 690. ಅಲ್ಲಿ ಎಡಿಟಿ ಎಂಬ ಎರಡು ವರ್ಷದ ಡಿಗ್ರಿಯನ್ನು 2.0 ಜಿಪಿಎಯಲ್ಲಿ ಮುಗಿಸಿದರೂ ಕ್ಯಾಲ್ ಸ್ಟೇಟ್ ಎಂಬ ರಾಜ್ಯ ವಿಶ್ವವಿದ್ಯಾಲಯಗಳ ಸಮೂಹದಲ್ಲಿ ಒಂದು ಸೀಟು ಖಾತ್ರಿ, ಬೇಕಾದ ಕ್ಯಾಂಪಸ್ಸೇ ಸಿಗುತ್ತದೆಂಬ ಭರವಸೆ ಮಾತ್ರ ಇಲ್ಲ. ಯುಸಿಯ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಆರು ಕ್ಯಾಂಪಸ್ಸುಗಳು ಟ್ಯಾಗ್ ಎಂಬ ಪ್ರವೇಶದ ಖಾತ್ರಿ ಕೊಡುತ್ತವೆ, ಅದಕ್ಕೆ ಬೇಕಾದ ಜಿಪಿಎ ವಿಷಯದಿಂದ ವಿಷಯಕ್ಕೆ ಬೇರೆ. ಹೈಸ್ಕೂಲಿನ ಅಂಕ ಅಲ್ಲಿಗೆ ಹಿಂದೆ ಬಿತ್ತು. ಹದಿನೇಳರ ವಯಸ್ಸಿನಲ್ಲಿ ಎಡವಿದವರಿಗೆ ಹತ್ತೊಂಬತ್ತರಲ್ಲಿ ಇನ್ನೊಂದು ಬಾಗಿಲು ತೆರೆಯುವ ಈ ಗುಣಕ್ಕೆ ಸಿಇಟಿ ಸಾಟಿಯಲ್ಲ. ಇಲ್ಲಿ ಕೆಡುವುದು ಒಂದೇ ಕಾರಣಕ್ಕೆ: ಮುಂದಿನ ಕಾಲೇಜು ಲೆಕ್ಕಕ್ಕೆ ಹಿಡಿಯದ ತರಗತಿಗಳನ್ನು ಓದಿ ಒಂದು ವರ್ಷ ಕಳೆದುಕೊಳ್ಳುವುದು. ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಯಾವ ಕೋರ್ಸು ಯಾವುದಕ್ಕೆ ಸಮ ಎಂಬುದು ಪಕ್ಕಪಕ್ಕದಲ್ಲೇ ಇದೆ. ಮೊದಲ ಸೆಮಿಸ್ಟರ್ ದಾಖಲಾಗುವ ಮುಂಚೆ ಆ ಪುಟವನ್ನು ಅಚ್ಚುಹಾಕಿಸಿಕೊಂಡು ಕೌನ್ಸೆಲರ್ ಎದುರು ಕೂರಿ.

ಫ್ಯಾಫ್ಸಾ, ಅಂದರೆ ಫೆಡರಲ್ ನೆರವಿಗೆ ಹಾಕುವ ಅರ್ಜಿ, ತುಂಬುವುದು ಎಲ್ಲರಿಗೂ ಗೊತ್ತು, ತಪ್ಪುವ ಕೆಲವು ಜಾಗಗಳನ್ನಷ್ಟೇ ಹೇಳುತ್ತೇವೆ. ಅರ್ಹತೆ ನೋಡುವುದು ಮಗುವಿನ ಸ್ಥಿತಿಯನ್ನು. ನಿಮ್ಮದು ಎಚ್-1ಬಿ ಆಗಿದ್ದರೂ ಮಗು ನಾಗರಿಕನೋ ಗ್ರೀನ್ ಕಾರ್ಡಿನದೋ ಆಗಿದ್ದರೆ ಅರ್ಜಿ ಹಾಕಿ. ಮಗು ಎಚ್-4, ಅಂದರೆ ಎಚ್-1ಬಿಯವರ ಅವಲಂಬಿತರ ವೀಸಾದಲ್ಲಿ, ಆಗಿದ್ದರೆ ಫೆಡರಲ್ ಗ್ರಾಂಟೂ ಇಲ್ಲ, ಫೆಡರಲ್ ಸಾಲವೂ ಇಲ್ಲ. ಆಗ ಉಳಿಯುವುದು ಕಾಲೇಜಿನದೇ ಸ್ಕಾಲರ್‌ಶಿಪ್, ಸ್ಥಳೀಯ ಟ್ಯೂಷನ್, ಕಮ್ಯುನಿಟಿ ಕಾಲೇಜು. ಎಚ್-4 ಮಕ್ಕಳಿಗೆ ಸ್ಥಳೀಯ ಟ್ಯೂಷನ್ ಕೊಡುವ ರಾಜ್ಯಗಳು ಹಲವು. ಆದರೆ 21 ತುಂಬಿ ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾದ ಕೂಡಲೇ ಕೆಲವು ರಾಜ್ಯಗಳಲ್ಲಿ ಅದು ಕೈತಪ್ಪುತ್ತದೆ, ಕೊನೆಯ ವರ್ಷದ ಫೀಸು ಎರಡು ಮೂರು ಪಟ್ಟಾಗಬಹುದು. ಆ ಹುಟ್ಟುಹಬ್ಬ ಯಾವ ಸೆಮಿಸ್ಟರಿನಲ್ಲಿ ಬರುತ್ತದೆಂದು ಈಗಲೇ ನೋಡಿಟ್ಟುಕೊಳ್ಳಿ.

ನೀವಿರುವ ಮನೆ, 401ಕೆ ಎಂಬ ನಿವೃತ್ತಿ ಉಳಿತಾಯ ಫ್ಯಾಫ್ಸಾ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ಹೆಸರಿನಲ್ಲಿರುವ ಬೆಂಗಳೂರಿನ ಸೈಟು, ಮೈಸೂರಿನ ಫ್ಲಾಟು ಬರುತ್ತವೆ, ಸಾಲ ಕಳೆದು ಉಳಿದ ಬೆಲೆಗೆ. ಮುಚ್ಚಿಟ್ಟು ಸಹಿ ಹಾಕುವುದು ಅಪರಾಧ. ಆದರೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುವ ತೋಟವನ್ನು ನಿಮ್ಮದೆಂದು ತೋರಿಸಬೇಕಾಗಿಲ್ಲ. ಮಗುವಿನ ಹೆಸರಿನ ಉಳಿತಾಯದಲ್ಲಿ 20 ಶೇಕಡಾ ಫೀಸಿಗೆ ಸಿಗುವ ಹಣವೆಂದು ಲೆಕ್ಕ ಹಿಡಿದರೆ, ಪೋಷಕರ ಹೆಸರಿನದರಲ್ಲಿ ಹೆಚ್ಚೆಂದರೆ 5.64. ಹುಟ್ಟುಹಬ್ಬಕ್ಕೆ ಬಂದ ದುಡ್ಡನ್ನೆಲ್ಲ ಮಗಳ ಖಾತೆಗೇ ಹಾಕುವ ಮನೆಗಳು ಇದನ್ನು ಗಮನಿಸಬೇಕು.

ಕಾಲೇಜಿಗೆಂದು ಉಳಿಸುವ 529 ಖಾತೆಯಿಂದ ಪೂರ್ತಿ ಫೀಸು ಕಟ್ಟಿಬಿಡಬೇಡಿ. ವರ್ಷಕ್ಕೆ 4,000 ಡಾಲರನ್ನು ಬೇರೆ ಹಣದಿಂದ ಕಟ್ಟಿದರೆ ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಎಂಬ ರಿಯಾಯಿತಿಯಲ್ಲಿ ವರ್ಷಕ್ಕೆ 2,500ದವರೆಗೆ ತೆರಿಗೆ ಉಳಿಯುತ್ತದೆ, ನಾಲ್ಕು ವರ್ಷ. ದಂಪತಿಯ ಆದಾಯ 1,60,000 ದಾಟಿದಂತೆ ಅದು ಕರಗುತ್ತಾ 1,80,000ಕ್ಕೆ ನಿಲ್ಲುತ್ತದೆ.

ಕೆಲಸ ಹೋಗಿದ್ದರೆ ಸುಮ್ಮನಿರಬೇಡಿ. ಫ್ಯಾಫ್ಸಾ ನೋಡುವುದು ಎರಡು ವರ್ಷ ಹಿಂದಿನ ಆದಾಯವನ್ನು. 2026ರ ಆಗಸ್ಟಿನಲ್ಲಿ ಸೇರುವವರಿಗೆ 2024ರ ಸಂಬಳದ್ದೇ ಲೆಕ್ಕ. ಲೇಆಫ್ ಪತ್ರ, ಕೊನೆಯ ಪೇಸ್ಲಿಪ್, ನಿರುದ್ಯೋಗ ಭತ್ಯೆಯ ದಾಖಲೆ ಇಟ್ಟು "ಪ್ರೊಫೆಷನಲ್ ಜಡ್ಜ್‌ಮೆಂಟ್" (ಅಧಿಕಾರಿ ನಿಮ್ಮ ಈಗಿನ ಸ್ಥಿತಿ ನೋಡಿ ಲೆಕ್ಕ ತಿದ್ದುವುದು) ಕೋರಿ ನೆರವಿನ ಕಚೇರಿಗೆ ಒಂದು ಪುಟದ ಪತ್ರ ಬರೆಯಿರಿ. ಊರಿನಲ್ಲಿ ತಂದೆತಾಯಿಯ ಆಸ್ಪತ್ರೆ ಖರ್ಚಿಗೆ ಕಳಿಸಿದ ಹಣವಿದ್ದರೆ ಬ್ಯಾಂಕ್ ರಸೀದಿ ಸಮೇತ ಅದನ್ನೂ ಸೇರಿಸಿ. ಒಪ್ಪುವುದು ಬಿಡುವುದು ಆ ಅಧಿಕಾರಿಗೆ ಬಿಟ್ಟದ್ದು. ಬೇರೆ ಕಾಲೇಜು ಹೆಚ್ಚು ಸ್ಕಾಲರ್‌ಶಿಪ್ ಕೊಟ್ಟಿದ್ದರೆ ಆ ಪತ್ರದ ಪ್ರತಿ ಲಗತ್ತಿಸಿ, ಎಷ್ಟು ಹೆಚ್ಚಿಸಿದರೆ ಸೇರುತ್ತೀರಿ ಎಂದು ಮೊತ್ತ ಹೆಸರಿಸಿ ಅಡ್ಮಿಷನ್ ಕಚೇರಿಗೆ ಬೇರೆಯಾಗಿ ಬರೆಯಿರಿ. ಹೆಚ್ಚಿನ ಕಾಲೇಜುಗಳಲ್ಲಿ ಡೆಪಾಸಿಟ್‌ಗೆ ಮೇ 1 ಕಡೆಯ ದಿನ. ಈ ಪತ್ರಗಳು ಏಪ್ರಿಲ್ ಎರಡನೇ ವಾರದೊಳಗೆ ಅವರ ಕೈಲಿರಬೇಕು.